ಅರವತ್ತು ದಾಟಿದರೆ ನಡುಕ

ಈರಪ್ಪನ ಲಾರಿ ಅರವತ್ತರವರೆಗೆ ಸುಮ್ಮನೆ ಓಡುತ್ತಿತ್ತು. ಇಳಕಲ್ಲಿನಲ್ಲಿ ಗ್ರಾನೈಟ್ ಹೇರಿಕೊಂಡು ಹೆದ್ದಾರಿ ಹತ್ತಿ, ವೇಗದ ಮುಳ್ಳು ಅರವತ್ತು ದಾಟಿತೆಂದರೆ ಸೀಟಿನ ಕೆಳಗೆ ಏನೋ ಮಿಸುಕಾಡಲು ಶುರುವಾಗುತ್ತಿತ್ತು. ಎಪ್ಪತ್ತಕ್ಕೆ ಹೋದರೆ ಕ್ಯಾಬಿನ್ನಿನ ನೆಲವೆಲ್ಲ ಜುಮುಗುಡುತ್ತಿತ್ತು. ಊಟದ ಡಬ್ಬಿಯ ಮುಚ್ಚಳ ಗಟಗಟ ಬಡಿದುಕೊಳ್ಳುತ್ತಿತ್ತು, ಪಕ್ಕದ ಕನ್ನಡಿಯಲ್ಲಿ ಹಿಂದಿನ ಗಾಡಿ ಯಾವುದೆಂದು ಗುರುತು ಸಿಗುತ್ತಿರಲಿಲ್ಲ.

ಲಾರಿ ಇಳಿದ ಮೇಲೂ ಅದು ಮೈಯಿಂದ ಇಳಿಯುತ್ತಿರಲಿಲ್ಲ. ಚಹದ ಕಪ್ಪು ಹಿಡಿದರೆ ಕೆಳಗಿನ ಬಸಿಗೆ ತುಳುಕುತ್ತಿತ್ತು. "ಮಲಗಿದಾಗೂ ನಿಮ್ಮ ಕಾಲು ನಡಗ್ತಾವ್ರಿ," ಎಂದು ಹೆಂಡತಿ ಗುರುಲಿಂಗವ್ವ ಹೇಳಿದ್ದಳು. ಐವತ್ತೈದರಲ್ಲಿ ಓಡಿಸಿದರೆ ಯಾವ ಕಾಟವೂ ಇಲ್ಲ ನಿಜ. ಆದರೆ ಆ ವೇಗದಲ್ಲಿ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಕಲ್ಲು ಇಳಿಸುವ ಹಮಾಲರು ಮನೆಗೆ ಹೋಗಿರುತ್ತಿದ್ದರು. ಮರುದಿನ ಅವರು ಬರುವ ತನಕ ಕಾಯ್ದು, ಖಾಲಿ ಗಾಡಿ ತಿರುಗಿಸಿಕೊಂಡು ಬಂದರೆ ಇಲ್ಲಿ ಇನ್ನೊಂದು ಲೋಡು ಕಾದಿರುತ್ತಿತ್ತು. ದೀಪಾವಳಿಯಿಂದೀಚೆಗೆ ಈರಪ್ಪ ಸರಿಯಾಗಿ ನಿದ್ದೆ ಮಾಡಿದ್ದೇ ಇಲ್ಲ.

ಮೊದಲು ಅವನು ಹೋದದ್ದು ಇಳಕಲ್ಲಿನ ಬೀರೇಶನ ಟಾಯರ್ ಅಂಗಡಿಗೆ. ಬೀರೇಶ ಹಳೆಯ ಗೆಳೆಯ. ಅವನು ಗಾಲಿಗಳನ್ನೆಲ್ಲ ಬಿಚ್ಚಿ, ಬ್ಯಾಲೆನ್ಸ್ ಮಾಡಿ, ಮುಂದಿನವನ್ನು ಹಿಂದೆ, ಹಿಂದಿನವನ್ನು ಮುಂದೆ ಹಾಕಿಕೊಟ್ಟ. ನಡುಕ ಹೋಗಲಿಲ್ಲ. ಎರಡು ಹೊಸ ಟಾಯರು ಹಾಕಿಸಿದ ಮೇಲೂ ಹೋಗದಿದ್ದಾಗ ಈರಪ್ಪನ ತಲೆ ಕೆಟ್ಟಿತು. ಅಂಗಡಿಯ ಮುಂದೆ ಜನ ನಿಂತಿರುವಾಗಲೇ, "ಹಳೇ ಮಾಲಿಗೆ ಬಣ್ಣಾ ಬಡದು ಕೊಟ್ಟೀಯೇನಲೇ ನನಗ?" ಎಂದುಬಿಟ್ಟ. ಬೀರೇಶ ನಟ್ಟು ಬಿಗಿಯುತ್ತಿದ್ದ ಪಾನಾ ನೆಲಕ್ಕೆ ಎಸೆದು, "ಇನ್ನ ಮ್ಯಾಲ ಈ ಅಂಗಡಿಗಿ ಬರಬ್ಯಾಡ," ಎಂದ. ಈರಪ್ಪ ಹೋಗಲಿಲ್ಲ.

ಆಮೇಲೆ ಬಾಗಲಕೋಟೆಯ ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಬದಲಾಯಿಸಿ, ಬ್ರೇಕಿನ ಡ್ರಮ್ಮುಗಳನ್ನು ಲೇಥಿಗೆ ಹಾಕಿ ಸಮ ಮಾಡಿದರು. ಗುರುಲಿಂಗವ್ವನ ಮಾತು ಕೇಳಿ ಅಲ್ಲಿಂದ ತುಳಸಿಗೇರಿಗೆ ಹೋಗಿ, ಹಣಮಪ್ಪನಿಗೆ ಕಾಯಿ ಒಡೆಸಿ, ಮುಂದಿನ ಗಾಲಿಗೆ ಕುಂಕುಮ ಹಚ್ಚಿದ್ದೂ ಆಯಿತು. ಗುಡಿಯಿಂದ ಹೊರಟು ಅರವತ್ತು ದಾಟಿದ್ದೇ ತಡ, ಮುಚ್ಚಳ ಗಟಗಟ ಎಂದಿತು.

ಹುನಗುಂದದ ಹೊರವಲಯದಲ್ಲಿ, ಹೆದ್ದಾರಿಗೆ ಹತ್ತಿಕೊಂಡೇ ರಮಜಾನನ ಗ್ಯಾರೇಜಿತ್ತು. ಅದನ್ನು ಶುರು ಮಾಡಿದವನು ಅವನ ತಂದೆ ಅಫ್ಸರ. ಈ ಭಾಗದ ಲಾರಿಯವರೆಲ್ಲ ಅವನನ್ನು ಚಾಚಾ ಎಂದೇ ಕರೆಯುತ್ತಿದ್ದರು. ಈಗ ವಯಸ್ಸಾಗಿ ಹೆಚ್ಚಿನ ಕೆಲಸ ಮಗನೇ ನೋಡಿಕೊಂಡರೂ ಮುದುಕ ಒಂದು ದಿನವೂ ಗ್ಯಾರೇಜು ತಪ್ಪಿಸುತ್ತಿರಲಿಲ್ಲ. ಈರಪ್ಪನ ಲಾರಿಯನ್ನು ರಮಜಾನ ಈಗಾಗಲೇ ಎರಡು ಸಲ ನೋಡಿದ್ದ. ಸ್ಪ್ರಿಂಗಿನ ಪಾಟಾ ಬೋಲ್ಟುಗಳನ್ನು ಬಿಗಿದಿದ್ದ, ಇಂಜಿನ್ನಿನ ಕೆಳಗಿನ ರಬ್ಬರು ಬದಲಾಯಿಸಿದ್ದ. ಎರಡೂ ಸಲ ಈರಪ್ಪ ಹೊಸ ಆಸೆಯಿಂದ ಹೋಗಿ ಹಳೆಯ ನಡುಕದೊಂದಿಗೇ ತಿರುಗಿ ಬಂದಿದ್ದ.

ಮೂರನೆಯ ಸಲ ಬಂದವನು ಜಗಳವನ್ನೂ ಆಡಲಿಲ್ಲ. ಲಾರಿ ಬಂದ್ ಮಾಡಿ, ಇಳಿದು, ಹಳೆಯ ಟಾಯರೊಂದರ ಮೇಲೆ ಕುಸಿದು ಕೂತ.

"ನಾ ಇದನ್ನ ಮಾರೇ ಬಿಡ್ತೇನಿ ರಮಜಾನ. ತಗೊಂಡವನ ಹಣೆಬಾರ."

ರಮಜಾನನಿಗೂ ಬೇಸರ ಬಂದಿತ್ತು. ಅವನ ಹೆಂಡತಿ ಫರಹಾನಾಳಿಗೆ ದೀಪಾವಳಿಯ ಹೊತ್ತಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ಪಿತ್ತಕೋಶದ ಆಪರೇಶನ್ ಆಗಿತ್ತು. ಆಗ ಒಂದು ವಾರ ಅಲ್ಲಿಯ ಬೆಂಚಿನ ಮೇಲೆ ಮಲಗಿ ಕಳೆದವನು, ಬಂದ ಮೇಲೆ ಹಿಂದೆ ಬಿದ್ದ ಕೆಲಸದಲ್ಲಿ ಇನ್ನೂ ಮುಳುಗಿಯೇ ಇದ್ದ. ಆದರೂ ಈರಪ್ಪನ ಮುಖ ನೋಡಿ ಕೈ ಒರೆಸಿಕೊಂಡ.

"ಇವತ್ತ ಬ್ಯಾರೆ ಗಾಡಿ ಮುಟ್ಟಂಗಿಲ್ಲ. ನಡೀರಿ ಈರಪ್ಪಣ್ಣಾ, ನಾನೂ ಕೂಡ್ತೇನಿ. ನೀವ್ ಹೊಡೀರಿ, ನಾ ಬರೇ ಕೇಳ್ತೇನಿ."

ಮಧ್ಯಾಹ್ನದ ಬಿಸಿಲಿನಲ್ಲಿ ಇಳಕಲ್ಲಿನ ಕಡೆಗೆ ಹೊರಟರು. ಎರಡೂ ಬದಿಯ ಹೊಲಗಳಲ್ಲಿ ಜೋಳ ಆಳೆತ್ತರ ನಿಂತಿತ್ತು. ರಮಜಾನ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂತ. ಅರವತ್ತು ದಾಟಿತು. ಅಂಗಾಲಿಗೆ ಮೊದಲು ಗೊತ್ತಾಯಿತು.

"ಸ್ಟೇರಿಂಗ್ ನಡಗತೈತೇನ್ರಿ?"

"ಇಲ್ಲ. ಕುಂಡಿ ಕೆಳಗ ಐತಿ ಎಲ್ಲಾ."

"ಹಂಗಾರ ಮುಂದಿನ ಗಾಲಿ ಅಲ್ಲ. ಎಪ್ಪತ್ತಕ್ಕ ಒಯ್ದು ಕ್ಲಚ್ ಒತ್ರಿ. ಇಂಜಿನ್ ಬಿಟ್ಟು ಗಾಡಿ ಸುಮ್ಮ ಉರಳಲಿ."

ಈರಪ್ಪ ಕ್ಲಚ್ ಒತ್ತಿದ. ಇಂಜಿನ್ನಿನ ಸದ್ದು ಇಳಿಯಿತು. ನಡುಕ ಮಾತ್ರ ಇಳಿಯಲಿಲ್ಲ. ಲಾರಿ ತನ್ನ ಓಟದಲ್ಲೇ ಉರುಳುತ್ತ ಹಾಗೆಯೇ ಜುಮುಗುಟ್ಟಿತು. ವೇಗ ಅರವತ್ತಕ್ಕಿಂತ ಕೆಳಗೆ ಬಂದ ಮೇಲೆಯೇ ಸುಮ್ಮನಾಯಿತು.

"ಇಂಜಿನ್ನೂ ಅಲ್ಲ," ಎಂದ ರಮಜಾನ. ಅವನ ದನಿಯಲ್ಲಿ ಖುಷಿಯೇನೂ ಇರಲಿಲ್ಲ.

ತಿರುಗಿ ಬಂದು ಲಾರಿಯ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ, ಮರದ ದಿಮ್ಮಿ ಕೊಟ್ಟು ನಿಲ್ಲಿಸಿದರು. ಹಿಂದಿನ ಗಾಲಿಗಳನ್ನು ಪೂರ್ತಿ ಬಿಚ್ಚಿ ಪಕ್ಕಕ್ಕೆ ಉರುಳಿಸಿದರು. ಆಮೇಲೆ ಈರಪ್ಪ ಮೇಲೆ ಹತ್ತಿ, ಗೇರು ಹಾಕಿ, ನಿಂತಲ್ಲೇ ವೇಗ ಏರಿಸಿದ. ಗಾಲಿಯಿಲ್ಲ, ಟಾಯರಿಲ್ಲ, ರಸ್ತೆಯೂ ಇಲ್ಲ. ಆದರೂ ಮುಳ್ಳು ಅರವತ್ತು ದಾಟುತ್ತಲೇ ಇಡೀ ಚಾಸಿ ನಡುಗಲು ಹತ್ತಿತು.

ಈರಪ್ಪ ಇಂಜಿನ್ ಬಂದ್ ಮಾಡಿದ.

"ಟಾಯರ್ ಅಲ್ಲ ಅಂದಂಗಾತು," ಎಂದ ಈರಪ್ಪ. ಬೀರೇಶನ ಹೆಸರು ಅವನ ಬಾಯಿಗೆ ಬಂದು ಅಲ್ಲೇ ನಿಂತಿತು.

"ಅಲ್ಲ. ಇನ್ನ ಉಳದದ್ದು ನಡುವಿನ ಶಾಫ್ಟ್ ಒಂದ."

ಇಂಜಿನ್ನಿನ ಕಡೆಯಿಂದ ಹಿಂದಿನ ಗಾಲಿಗಳಿಗೆ ತಿರುಗುವ ಶಕ್ತಿಯನ್ನು ಒಯ್ಯುವ ಆ ಉದ್ದನೆಯ ಕಬ್ಬಿಣದ ಕೊಳವೆಯನ್ನು ಇಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಮುಟ್ಟದಿರಲು ಕಾರಣವಿತ್ತು. ಬಾಗಲಕೋಟೆಯವರು ಬಿಚ್ಚಿ ನೋಡುತ್ತೇವೆಂದಾಗ ಈರಪ್ಪನೇ ಬೇಡವೆಂದಿದ್ದ. "ಅದನ್ನ ಅಫ್ಸರ ಚಾಚಾ ಕೂಡಿಸ್ಯಾರ. ಕ್ಲಚ್ ಹಾಕಿದಾಗ ಎಲ್ಲಾ ಅವರ ಕೈಲೇ ಆಗೇತಿ. ಅದರಾಗ ನೋಡೂದೇನೂ ಇಲ್ಲ," ಎಂದಿದ್ದ. ರಮಜಾನನೂ ಅದೇ ಲೆಕ್ಕದಲ್ಲಿ ಎರಡು ಸಲ ಅದನ್ನು ದಾಟಿ ಬೇರೆಯದಕ್ಕೆ ಕೈಹಾಕಿದ್ದ. ತಾನು ದವಾಖಾನೆಯಲ್ಲಿದ್ದಾಗ ಅಬ್ಬಾ ಒಬ್ಬನೇ ಮಾಡಿದ ಕೆಲಸ ಅದು.

ರಮಜಾನ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಸರಿದ. ಶಾಫ್ಟಿನ ಎರಡು ತುಂಡುಗಳು ಒಂದರೊಳಗೊಂದು ಕೂಡುವ ಕಡೆ ಮಣ್ಣು, ಗ್ರೀಸು ಸೇರಿ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು, ಡೀಸೆಲ್ ಅರಿವೆಯಿಂದ ಒರೆಸಿದ. ಒಂದು ತುಂಡಿನ ಮೇಲೆ ಚಾಣದಿಂದ ಹೊಡೆದ ಸಣ್ಣ ಗುರುತು ಕಂಡಿತು. ಬಿಚ್ಚುವ ಮುಂಚೆ ಎರಡೂ ತುಂಡಿಗೆ ಎದುರುಬದುರು ಗುರುತು ಹೊಡೆಯಬೇಕು, ಕೂಡಿಸುವಾಗ ಗುರುತಿಗೆ ಗುರುತು ಹಿಡಿಯಬೇಕು. ಚಿಕ್ಕಂದಿನಲ್ಲಿ ಅಬ್ಬಾ ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು. ಇನ್ನೊಂದು ತುಂಡಿನ ಗುರುತು ಅದರ ಎದುರಿಗೆ ಇರಲಿಲ್ಲ. ರಮಜಾನ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತ ಹುಡುಕಿದ. ಸಿಕ್ಕಿತು, ಕಾಲು ಸುತ್ತು ಆಚೆಗೆ.

ಅವನು ಅಲ್ಲಿಯೇ ಮಲಗಿದ್ದ. ಅಬ್ಬಾ ಗುರುತು ಹೊಡೆಯಲು ಮರೆತಿರಲಿಲ್ಲ. ನೋಡಲು ಮರೆತಿದ್ದ.

"ಏನಾತಲೇ? ನಿದ್ದಿ ಹತ್ತಿತೇನ?" ಎಂದು ಈರಪ್ಪ ಬಗ್ಗಿದ.

ರಮಜಾನ ಹೊರಗೆ ಬಂದು ಎದ್ದು ಕೂತ. ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾಯಿತು. ಸವೆದಿದೆ, ಜಾಯಿಂಟ್ ಹೋಗಿದೆ ಎಂದರೆ ಈರಪ್ಪ ನಂಬುತ್ತಿದ್ದ. ಆದರೆ ಎದುರಿಗೆ ನಿಂತವನ ಕೆಂಪಗಾದ ಕಣ್ಣು ನೋಡಿ ಅದು ಆಗಲಿಲ್ಲ.

"ನಮ್ಮಲ್ಲೇ ತಪ್ಪಾಗೇತಿ ಈರಪ್ಪಣ್ಣಾ. ಶಾಫ್ಟ್ ಕೂಡಿಸುವಾಗ ಗುರುತು ತಪ್ಪೈತಿ. ಸಾವಕಾಶ ಹೋದ್ರ ಗೊತ್ತಾಗಂಗಿಲ್ಲ. ಜೋರ ತಿರಗಿದ್ರ ನಡಗತೈತಿ."

"ಯಾರು ಕೂಡಿಸಿದ್ದು?" ಎಂದು ಕೇಳುವಷ್ಟರಲ್ಲೇ ಅವನಿಗೆ ಉತ್ತರ ಹೊಳೆಯಿತು. ಆಮೇಲೆ ಮುಖ ಬಿಗಿಯಿತು. "ಬೀರೇಶಗ ನಾ ಮಂದ್ಯಾಗ ಏನೇನ ಅಂದೀನಿ ಗೊತ್ತೈತೇನ ನಿನಗ? ನನ್ನ ಮೈ ಏನ ಆಗೇತಿ ಗೊತ್ತೈತೇನ?"

"ನೀವ್ ಏನಂದ್ರೂ ಖರೇನ ಐತ್ರಿ."

ಈರಪ್ಪ ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಊಟ, ನಮಾಜು ಮುಗಿಸಿಕೊಂಡು ಅಫ್ಸರ ಬಂದ. ಮೇಲೆತ್ತಿದ ಲಾರಿ, ಬಿಚ್ಚಿಟ್ಟ ಗಾಲಿ ನೋಡಿದ್ದೇ ಅವನ ಹೆಜ್ಜೆ ಚುರುಕಾಯಿತು. ಯಾರನ್ನೂ ಕೇಳದೆ ಟೊಪ್ಪಿಗೆ ತೆಗೆದು ಕಿಟಕಿಯಲ್ಲಿಟ್ಟು, ಮೊಣಕೈ ಊರಿ ಕೆಳಗೆ ನುಸುಳಿದ. ಮಗ ಒರೆಸಿ ಬಿಟ್ಟ ಜಾಗವನ್ನು ಬೆರಳಿನಿಂದ ಸವರಿದ. ಕೆಳಗಿನಿಂದಲೇ ಅವನ ಸಿಟ್ಟಿನ ದನಿ ಬಂತು.

"ಯಾವ ಕತ್ತೆ ಕೂಡಿಸ್ಯಾನ ಇದನ್ನ? ಗುರುತು ಎಲ್ಲೈತಿ, ಇವ ಎಲ್ಲಿ ಹಾಕ್ಯಾನ! ಹಿಂಗ ಹಾಕಿದ್ರ ಗಾಡಿ ನಡಗದ ಇರತೈತೇನ?"

ಮುದುಕ ನಾಟಕ ಮಾಡುತ್ತಿರಲಿಲ್ಲ. ಹೊರಗೆ ಬಂದು ಕೂತವನ ಮುಖದಲ್ಲಿ ನಿಜವಾದ ಅಸಹ್ಯವಿತ್ತು. ಕೆಟ್ಟ ಕೆಲಸ ಕಂಡಾಗ ಯಾವಾಗಲೂ ಇರುತ್ತಿದ್ದ ಅಸಹ್ಯವೇ ಅದು.

"ಹೇಳಲೇ ಈರ್ಯಾ, ಯಾರ ಕೈಯಾಗ ಕೊಟ್ಟಿದ್ದಿ ಗಾಡಿ?"

ಈರಪ್ಪ ರಮಜಾನನ ಕಡೆಗೆ ನೋಡಿದ. ಆಮೇಲೆ ನೆಲ ನೋಡಿದ.

"ಬಾಗಲಕ್ವಾಟ್ಯಾಗ ಬಿಚ್ಚಿಸಿದ್ನಿರಿ ಚಾಚಾ. ಅರ್ಜಂಟ್ ಇತ್ತು."

"ಅರ್ಜಂಟ್! ಕಂಡಕಂಡಾವ್ರ ಕೈಯಾಗ ಕೊಡ್ತಿ, ಆಮ್ಯಾಲ ಇಲ್ಲಿ ಬಂದು ಅಳ್ತಿ. ನಿನಗ ಬುದ್ಧಿ ಎಂದ ಬರತೈತಿ ಈರ್ಯಾ?"

ಮುದುಕ ಬಯ್ಯುತ್ತಲೇ ಹೋದ. ಈರಪ್ಪ "ಹೌದ್ರಿ, ತಪ್ಪಾತ್ರಿ" ಎನ್ನುತ್ತ ಕೇಳಿಸಿಕೊಂಡ. ರಮಜಾನ ಶಾಫ್ಟ್ ಇಳಿಸಿ, ತುಂಡುಗಳನ್ನು ಎಳೆದು ಬಿಡಿಸಿ, ಗುರುತಿಗೆ ಗುರುತು ಕೂಡಿಸಿದ. ನಡುವಿನ ಬೇರಿಂಗಿನ ರಬ್ಬರು ಈ ನಡುಕಕ್ಕೆ ಹರಿದುಹೋಗಿತ್ತು. ಅದನ್ನೂ ಹೊಸದು ಹಾಕಿದ. ಗಾಲಿ ಏರಿಸಿ ನಟ್ಟು ಬಿಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಈ ಸಲ ಸ್ಟೇರಿಂಗ್ ಹಿಡಿದದ್ದು ರಮಜಾನ. ಅರವತ್ತು ಬಂತು, ಹೋಯಿತು. ಎಪ್ಪತ್ತು. ಎಪ್ಪತ್ತೈದು. ಲಾರಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಇಂಜಿನ್ನಿನ ಸದ್ದು, ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. "ಈರಪ್ಪಣ್ಣಾ, ನೋಡ್ರಿ," ಎಂದು ಅವನು ತಿರುಗಿದ. ಈರಪ್ಪ ಬಾಗಿಲಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿಬಿಟ್ಟಿದ್ದ. ಅವನ ಕೈಗಳು ತೊಡೆಯ ಮೇಲೆ ಅಲ್ಲಾಡದೆ ಬಿದ್ದಿದ್ದವು. ರಮಜಾನ ತಿರುಗಬೇಕಾದ ಕಡೆ ತಿರುಗಲಿಲ್ಲ. ಸುಮ್ಮನೆ ಇಳಕಲ್ಲಿನ ತನಕ ಓಡಿಸಿಕೊಂಡು ಹೋದ.

ಊರ ಹತ್ತಿರ ಈರಪ್ಪನಿಗೆ ಎಚ್ಚರವಾಯಿತು. ಎಲ್ಲಿದ್ದೇವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅಬ್ಬಾನ ಮುಂದ ಯಾಕ ಸುಳ್ಳ ಹೇಳಿದ್ರಿ?" ಎಂದು ರಮಜಾನ ಕೇಳಿದ.

"ಏನ್ ಹೇಳ್ಲಿ ಮತ್ತ? ಅವರಿಗೆ ನೆನಪಽ ಇಲ್ಲ." ಈರಪ್ಪ ಮುಖ ಒರೆಸಿಕೊಂಡ. "ನಿನ್ನ ಮ್ಯಾಲ ನನಗ ಸಿಟ್ಟ ಐತಿ. ಇನ್ನೂ ನಾಕ ದಿನ ಇರತೈತಿ. ಬೀರೇಶನ ಅಂಗಡಿ ಮುಂದ ನಿಂದ್ರಿಸು."

ಬೀರೇಶ ಅವನನ್ನು ಕಂಡೂ ಕಾಣದಂತೆ ಪಂಕ್ಚರ್ ತಿದ್ದುತ್ತಿದ್ದ. ಈರಪ್ಪ ಅಂದು ನಿಂತ ಜಾಗದಲ್ಲೇ, ಅಷ್ಟೇ ಜನರ ಮುಂದೆ ನಿಂತು, "ಟಾಯರ್ ಬರೋಬ್ಬರಿ ಇದ್ದೂ ಲೇ. ನನ್ನ ಬಾಯಿ ಬರೋಬ್ಬರಿ ಇರಲಿಲ್ಲ," ಎಂದ. ಬೀರೇಶ ತಲೆ ಎತ್ತಲಿಲ್ಲ. ತೇಪೆ ಒತ್ತಿ ಮುಗಿಸಿದ ಮೇಲೆ, "ಕೂಡು," ಎಂದ. ಅಷ್ಟೇ. ಚಹ ತರಿಸಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ರಮಜಾನ ಬಸ್ಸು ಹಿಡಿದು ಹುನಗುಂದಕ್ಕೆ ಬಂದ. ಮನೆಯಲ್ಲಿ ಫರಹಾನಾಳಿಗೆ ಎಲ್ಲ ಹೇಳಿದ. ಅವಳಿಗೆ ಆಶ್ಚರ್ಯವಾಗಲಿಲ್ಲ. ಮಾವ ಈಚೆಗೆ ನಳ ಬಂದ್ ಮಾಡುವುದನ್ನು ಮರೆಯುತ್ತಾರೆ, ಒಂದೇ ಮಾತ್ರೆಯನ್ನು ಎರಡು ಸಲ ನುಂಗಲು ಹೋಗುತ್ತಾರೆ ಎಂದಳು. "ನಿಮಗ ಹೇಳೂದ ಹೆಂಗಂತ ಸುಮ್ಮನಿದ್ದೆ. ಮೊದಲಽ ದಣದು ಬರ್ತಿದ್ರಿ."

ಆ ವಾರವೆಲ್ಲ ರಮಜಾನ ತಂದೆ ಮುಟ್ಟಿದ ಪ್ರತಿ ನಟ್ಟನ್ನೂ ಅವನಿಗೆ ಕಾಣದಂತೆ ಮತ್ತೊಮ್ಮೆ ನೋಡಿದ. ಒಬ್ಬನ ಕೆಲಸ ಇಬ್ಬರದಾಯಿತು, ಅದನ್ನು ಅಡಗಿಸುವುದು ಮೂರನೆಯ ಕೆಲಸವಾಯಿತು. ಒಂದು ಸಂಜೆ ಹೀಗೆ ಪಾನಾ ಹಿಡಿದು ಬಗ್ಗಿದ್ದಾಗ ಹಿಂದಿನಿಂದ ಅಫ್ಸರನ ನೆರಳು ಬಿತ್ತು.

"ಈರಪ್ಪನ ಗಾಡೀದು ಆ ಚಾಣದ ಗುರುತು ನಂದ," ಎಂದ ಮುದುಕ. "ಬಾಗಲಕ್ವಾಟ್ಯಾವ್ರು ಬಿಚ್ಚಿದ್ರ ಅವರದೊಂದು ಗುರುತು ಇರಬೇಕಿತ್ತು. ಇರಲಿಲ್ಲ. ನಾನಽ ಕೂಡಿಸಿದ್ದೇನ?"

ರಮಜಾನ ಎದ್ದು ನಿಂತ. "ಹೌದ್ರಿ ಅಬ್ಬಾ. ನಾವು ದವಾಖಾನ್ಯಾಗ ಇದ್ವಿ ಆವಾಗ."

"ನನಗ ನೆನಪ ಇಲ್ಲ."

"ಇರ್ಲಿ ಬಿಡ್ರಿ."

"ಇರ್ಲಿ ಅನ್ನಬ್ಯಾಡ. ಕಲ್ಲ ಹೇರಿದ ಗಾಡಿ ಅದು," ಎಂದು ಗದರಿದ ಅಫ್ಸರ. ಗದರಿದ ಮೇಲೆ ಬಳಲಿದವನಂತೆ ಕಟ್ಟೆಯ ಮೇಲೆ ಕೂತ. ತನ್ನ ಕೈಗಳನ್ನು ಸೀಮೆಎಣ್ಣೆಯ ಅರಿವೆಯಲ್ಲಿ ಒಂದೊಂದೇ ಬೆರಳು ಒರೆಸಿದ.

ಎರಡು ದಿನ ಅವನು ಗ್ಯಾರೇಜಿಗೆ ಬರಲಿಲ್ಲ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಫರಹಾನಾ ಕರೆದರೆ ಊಟಕ್ಕಷ್ಟೇ ಎದ್ದ. ಮೂರನೆಯ ಮುಂಜಾನೆ ರಮಜಾನ ಶಟರ್ ಎತ್ತುವ ಹೊತ್ತಿಗೆ ಹಿಂದೆ ನಿಂತಿದ್ದ. ಒಳಗೆ ಒಂದು ಟ್ರಾಕ್ಟರಿನ ಗೇರುಪೆಟ್ಟಿಗೆ ಕಾದಿತ್ತು.

"ಇನ್ನ ಮ್ಯಾಲ ನಾ ಬಿಚ್ಚತೇನಿ, ನೀ ಕೂಡಿಸು," ಎಂದ ಮುದುಕ.

ರಮಜಾನ ತಲೆಯಾಡಿಸಿದ. ಅಫ್ಸರ ಗೋಣಿಚೀಲ ಹಾಸಿ ಕೂತು, ಮೊದಲ ನಟ್ಟಿಗೆ ಪಾನಾ ಕೊಟ್ಟ. ಅದು ಜಂಗು ಹಿಡಿದಿತ್ತು, ಸುಲಭಕ್ಕೆ ಬಿಡಲಿಲ್ಲ.