ಬತ್ತಿಯ ಬಟ್ಟಲು

ಬಲಗೈಯ ಎರಡು ಬೆರಳು ಹೋದ ಮೇಲೆ ಜಂಬಯ್ಯನಿಗೆ ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ರಾಯದುರ್ಗದ ಸ್ಟೇಷನ್ ಪಕ್ಕದ ಶೇಂಗಾ ಮಿಲ್ಲಿನಲ್ಲಿ ಹನ್ನೊಂದು ವರ್ಷ ಇಂಜಿನ್ನಿಗೆ ಎಣ್ಣೆ ಬಿಟ್ಟವನನ್ನು ಮಾಲೀಕರು ಗೇಟು ಕಾಯಲು ಹಾಕಿದ್ದರು. ಗೇಟಿನಲ್ಲಿ ಒಂದು ಸ್ಟೂಲು ಇತ್ತು. ಶೇಂಗಾ ಗಾಡಿ ಬಂದರೆ ಏಳಬೇಕು. ಬರದಿದ್ದರೂ ಅವನು ಏಳುತ್ತಿದ್ದ. ಕಾಲುಗಳು ತಾವಾಗಿ ಇಂಜಿನ್ ಮನೆಯ ಕಡೆ ಎಳೆಯುತ್ತಿದ್ದವು. ಬಾಗಿಲಲ್ಲಿ ನಿಂತು ಒಳಗೆ ನೋಡಿ, ಗೇಟಿಗೆ ಬಂದು, ಮತ್ತೆ ಹೋಗಿ ನೋಡುತ್ತಿದ್ದ.

ಅಲ್ಲಿ ನೋಡಲಿಕ್ಕೆ ಹೊಸದೊಂದು ಬಂದಿತ್ತು. ಅವನ ಬೆರಳು ಹೋದ ಒಂದು ತಿಂಗಳಿಗೆ ಮದರಾಸಿನ ಫಿಟ್ಟರೊಬ್ಬ ಬಂದು, ಇಂಜಿನ್ನಿನ ತಿರುಗುವ ತೋಳಾದ ಕ್ರ್ಯಾಂಕಿನ ಮೇಲ್ಗಡೆ ಕಬ್ಬಿಣದ ಪಟ್ಟಿಯೊಂದನ್ನು ನಿಲ್ಲಿಸಿ ಅದಕ್ಕೆ ಗಾಜಿನ ಬಟ್ಟಲು ತಗುಲಿಸಿ ಹೋಗಿದ್ದ. ಬಟ್ಟಲಿನ ತಳದಿಂದ ಉಣ್ಣೆಯ ಬತ್ತಿಯೊಂದು ಇಳಿಬಿದ್ದಿತ್ತು. ತಿರುಗುವ ಕ್ರ್ಯಾಂಕಿನ ತಲೆಗೆ ಹಿತ್ತಾಳೆಯ ಪುಟ್ಟ ತುಟಿ. ಒಂದೊಂದು ಸುತ್ತಿಗೂ ಆ ತುಟಿ ಬತ್ತಿಯ ತುದಿಯನ್ನು ಸವರಿ ಒಂದು ಹನಿ ಎಣ್ಣೆ ಎತ್ತಿಕೊಂಡು ಹೋಗುತ್ತಿತ್ತು. ಅಷ್ಟೇ. ಯಾರೂ ಕೈ ಚಾಚಬೇಕಿರಲಿಲ್ಲ.

ಮುಂಚೆ ಆ ಎಣ್ಣೆ ಜಂಬಯ್ಯನ ಕೈಯಿಂದಲೇ ಹೋಗಬೇಕಿತ್ತು. ಇಂಜಿನ್ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅದರ ತಲೆ ಆರಿಬಿಡುತ್ತದೆ, ಮತ್ತೆ ಸ್ಟೌವಿನಿಂದ ಕಾಯಿಸಿ ಹೊರಡಿಸಲು ಅರ್ಧ ಗಂಟೆ ಬೇಕು. ಆದ್ದರಿಂದ ಉದ್ದ ಕೊಕ್ಕಿನ ಎಣ್ಣೆ ಡಬ್ಬಿ ಹಿಡಿದು, ಕ್ರ್ಯಾಂಕಿನ ಓಟಕ್ಕೆ ಮೈಯನ್ನು ಹೊಂದಿಸಿಕೊಂಡು, ಅದು ಮೇಲೆ ಬಂದ ಕ್ಷಣಕ್ಕೆ ಹನಿ ಬಿಟ್ಟು ಕೈ ಹಿಂದಕ್ಕೆ ತೆಗೆಯಬೇಕು. ತಾಸಿಗೊಮ್ಮೆ ಇದನ್ನು ಮಾಡಬೇಕು. ಒಂದು ಕ್ಷಣ ತಡವಾದರೂ ಕೈ ಹೋಯಿತು.

ಏನಾಯಿತೆಂದು ಕೇಳಿದವರಿಗೆಲ್ಲ ಜಂಬಯ್ಯ ಒಂದೇ ಮಾತು ಹೇಳುತ್ತಿದ್ದ: "ಜೋಂಪು ಹತ್ತಿತ್ರಿ. ನಂದ ತಪ್ಪು."

ಮಾಲೀಕರಿಗೂ ಹಾಗೇ ಹೇಳಿದ. ಹೆಂಡತಿ ಸಣ್ಣಕ್ಕನಿಗೂ ಹಾಗೇ ಹೇಳಿದ.

ಕಾರ್ತಿಕ ಮಾಸದಲ್ಲಿ, ಶೇಂಗಾದ ಸುಗ್ಗಿ ಜೋರಾದಾಗ, ಅಮರಾಪುರದ ಕಡೆಯ ಕುರಿ ವ್ಯಾಪಾರಿಯೊಬ್ಬ ಮಿಲ್ಲಿನ ಗೇಟಿನಲ್ಲಿ ನೀರು ಕೇಳಿ ಕುಡಿದು ಮಾತಿಗೆ ನಿಂತ. ಅವನ ಮಾತಿನಲ್ಲಿ ಮಡಕಶಿರದ ಮಿಲ್ಲೂ ಬಂತು. "ಅಲ್ಲೊಬ್ಬ ಅವ್ನೆ ನೋಡಣ್ಣ, ಕಾಟಪ್ಪ ಅಂತ. ಇಂಜಿನ್ನು ಬುರ್ರಂತ ತಿರುಗ್ತಿರ್ತೈತೆ, ಇವ್ನು ಎಡಗೈಲಿ ಬೆಲ್ಲ ತಿಂತಾ ಬಲಗೈಲಿ ಎಣ್ಣೆ ಬಿಡ್ತಾನೆ. ಸಂತೆ ದಿನ ಜನ ನೋಡಾಕಂತ್ಲೇ ಬತ್ತಾರೆ."

ಕಾಟಪ್ಪ ಜಂಬಯ್ಯನ ತಂಗಿ ಪಾಲಮ್ಮನ ಗಂಡ. ಮಡಕಶಿರದವನು. ಹಿಂದೆ ರಾಯದುರ್ಗಕ್ಕೆ ಕೂಲಿಗೆ ಬಂದವನನ್ನು ಜಂಬಯ್ಯನೇ ಇಂಜಿನ್ ಮನೆಗೆ ಸೇರಿಸಿಕೊಂಡಿದ್ದ. ಡಬ್ಬಿ ಹಿಡಿಯುವುದನ್ನೂ ಕ್ರ್ಯಾಂಕಿನ ಓಟಕ್ಕೆ ಉಸಿರು ಕೂಡಿಸುವುದನ್ನೂ ಕೈಹಿಡಿದು ಕಲಿಸಿದ್ದ. ಆಮೇಲೆ ತಂಗಿಯನ್ನು ಕೊಟ್ಟಿದ್ದ. ಮಡಕಶಿರದಲ್ಲಿ ಮಿಲ್ಲು ಆದಾಗ ಗಂಡಹೆಂಡಿರು ಅಲ್ಲಿಗೆ ಹೋಗಿದ್ದರು.

ಕುರಿ ವ್ಯಾಪಾರಿ ಹೋದ ಮೇಲೆ ಜಂಬಯ್ಯ ಆ ದಿನವೆಲ್ಲ ಗೇಟಿಂದ ಇಂಜಿನ್ ಮನೆಗೆ, ಇಂಜಿನ್ ಮನೆಯಿಂದ ಗೇಟಿಗೆ ತಿರುಗಿದ. ಸಂಜೆ ಮನೆಯಲ್ಲಿ ರೊಟ್ಟಿ ಮುರಿದು, ತಿನ್ನದೆ ಎದ್ದ.

"ಏನಾತು ನಿಮಗ? ಮೈಯಾಗ ಇರುವೆ ಹೊಕ್ಕಂಗ ಮಾಡ್ತೀರಲ್ಲ" ಎಂದಳು ಸಣ್ಣಕ್ಕ.

"ಮಡಕಶಿರಕ್ಕ ಹೋಗಬೇಕು."

"ಹಬ್ಬಿಲ್ಲ, ಹುಣ್ಣಿಮಿಲ್ಲ, ಈಗ ಯಾಕ?"

"ಕಾಟಪ್ಪಗ ಆ ಬತ್ತಿ ಬಟ್ಟಲ ಕಟ್ಟಿಕೊಟ್ಟು ಬರ್ತೀನಿ."

ಕಂಚುಗಾರ ಚಿತ್ತಪ್ಪನನ್ನು ಮಿಲ್ಲಿಗೆ ಕರೆತಂದು ಬಟ್ಟಲನ್ನು ತೋರಿಸಿದ. ಚಿತ್ತಪ್ಪ ದಾರದಿಂದ ಅಳತೆ ತೆಗೆದುಕೊಂಡು ಹೋಗಿ ಬಟ್ಟಲು, ತುಟಿ, ಪಟ್ಟಿ ಎಲ್ಲವನ್ನೂ ಹಿತ್ತಾಳೆಯಲ್ಲಿ ಹಾಗೆಯೇ ಮಾಡಿದ. ಗಾಜು ಇರಲಿಲ್ಲ, ಅದರ ಬದಲು ಎಣ್ಣೆ ಎಷ್ಟಿದೆ ಎಂದು ನೋಡಲು ಒಂದು ಮುಚ್ಚಳ ಇಟ್ಟ. ಬತ್ತಿಗೆ ಸಣ್ಣಕ್ಕ ತನ್ನ ಕಂಬಳಿಯ ಅಂಚಿನಿಂದ ಉಣ್ಣೆ ಬಿಚ್ಚಿ ಹೆಣೆದುಕೊಟ್ಟಳು.

ಬಳ್ಳಾರಿ, ಗುಂತಕಲ್ಲು, ಹಿಂದೂಪುರ ಎಂದು ರೈಲು ಬದಲಿಸಿ, ಅಲ್ಲಿಂದ ಮೋಟಾರು ಹತ್ತಿ ಮಡಕಶಿರ ಮುಟ್ಟುವವರೆಗೂ ಜಂಬಯ್ಯ ಬಟ್ಟಲು ಕಟ್ಟಿದ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ರೈಲು ನಿಂತಲ್ಲೆಲ್ಲ ಎದ್ದು ಬಾಗಿಲಿಗೆ ಹೋಗಿ, ಇನ್ನೂ ಯಾಕೆ ಹೊರಡಲಿಲ್ಲ ಎಂದು ನೋಡುತ್ತಿದ್ದ.

ಕಾಟಪ್ಪ ಗಂಟು ಬಿಚ್ಚಿ ನೋಡಿ ನಕ್ಕುಬಿಟ್ಟ.

"ಚೆನ್ನಾಗೈತೆ ಬಾವ. ದೇವ್ರ ಮನೇಲಿ ಇಡು, ದೀಪ ಹಚ್ಚಾನ."

"ನಗಬ್ಯಾಡೋ. ಅರ್ಧ ದಿನದ ಕೆಲಸ. ನಾನ ಕೂಡಿಸಿಕೊಡ್ತೀನಿ."

"ನನ್ ಕೈಗೇನಾಗೈತೆ? ಬತ್ತಿ ನಂಬ್ಕಂಡು ಕುಂತ್ಕಳಾಕೆ ನಾನೇನು ಮುದುಕನಾ?"

ಮಾರನೆಯ ಬೆಳಿಗ್ಗೆ ಬಾವನನ್ನು ಮಿಲ್ಲಿಗೆ ಕರೆದುಕೊಂಡು ಹೋಗಿ ಎಣ್ಣೆ ಬಿಡುವುದನ್ನು ಬೇಕೆಂದೇ ತೋರಿಸಿದ. ಇದು ರಾಯದುರ್ಗದ್ದೇ ಜಾತಿಯ ಇಂಜಿನ್ನು, ಸ್ವಲ್ಪ ದೊಡ್ಡದು. ಕಾಟಪ್ಪನ ಭುಜ ಕ್ರ್ಯಾಂಕಿನ ಜೊತೆಗೆ ಏರಿತು, ಇಳಿಯಿತು. ಡಬ್ಬಿಯ ಕೊಕ್ಕು ಒಳಗೆ ಹೋಗಿ ಬಂತು, ಹೋಗಿ ಬಂತು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಬಾಗಿಲಲ್ಲಿ ನಿಂತ ಇಬ್ಬರು ಹಮಾಲರು "ಭಲೇ" ಎಂದರು. ಜಂಬಯ್ಯನಿಗೆ ಇಲ್ಲದ ಎರಡು ಬೆರಳು ಚುಚ್ಚಿದಂತಾಗಿ, ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಗೆ ಬಂದುಬಿಟ್ಟ.

ಮಿಲ್ಲಿನ ಯಜಮಾನ ಹನುಮಂತರಾಯಪ್ಪ ತಕ್ಕಡಿಯ ಹತ್ತಿರ ನಿಂತಿದ್ದರು. ಜಂಬಯ್ಯ ಅವರಿಗೆ ಬಟ್ಟಲು ತೋರಿಸಿದ. ಅವರು ಸಹನೆಯಿಂದಲೇ ಕೇಳಿದರು.

"ನೋಡಪ್ಪ, ಇಂಜಿನ್ನಿನ ಹತ್ರ ನಿಂತು ಕೆಲಸ ಮಾಡೋನು ಅವ್ನು. ಅವ್ನು ಬೇಕು ಅಂದ್ರೆ ಈಗ್ಲೇ ನಿಲ್ಲಿಸ್ತೀನಿ. ಬ್ಯಾಡ ಅಂದ್ರೆ ಈ ಸುಗ್ಗೀಲಿ ನಾನ್ಯಾಕೆ ನಿಲ್ಲಿಸ್ಲಿ?"

ಮೂರು ದಿನ ಹಾಗೇ ಕಳೆಯಿತು. ಜಂಬಯ್ಯ ಮಿಲ್ಲಿನ ಕಾಂಪೌಂಡು ಸುತ್ತಿದ, ಕೋಟೆಯ ಕೆಳಗಿನ ದಾರಿ ಹಿಡಿದು ಗುಡಿಬಂಡೆ ಕಡೆಗೆ ನಡೆದು ಅರ್ಧದಲ್ಲಿ ತಿರುಗಿ ಬಂದ. ತಾಸು ತಾಸಿಗೂ, ಎಲ್ಲಿದ್ದರೂ, ಈಗ ಎಣ್ಣೆ ಬಿಡುವ ಹೊತ್ತು ಎಂದು ಕಿವಿ ನಿಮಿರುತ್ತಿತ್ತು. ಇಂಜಿನ್ನಿನ ಸದ್ದು ಸರಿಯಾಗಿ ಮುಂದುವರಿದರೆ ಉಸಿರು ಬಿಡುತ್ತಿದ್ದ. ಮುಂದಿನ ತಾಸಿಗೆ ಮತ್ತೆ ಅದೇ.

ನಾಲ್ಕನೆಯ ದಿನ ಬೆಳಿಗ್ಗೆ ಪಾಲಮ್ಮ ಅಣ್ಣನಿಗೆ ಮಣೆ ಹಾಕಿ, ಮುದ್ದೆ ಬಡಿಸಿ ಎದುರಿಗೆ ಕೂತಳು.

"ಅಣ್ಣ, ಸಾಕು. ಊರಿಗೆ ಹೋಗು. ನೀನು ಹಿಂಗೆ ತಿರುಗಾಡಾದು ನೋಡಿದ್ರೆ ನಂಗೆ ಎದೆ ಡವಡವ ಅಂತದೆ."

"ನಿನಗ ಭಯ ಇಲ್ಲೇನು?"

"ಯಾಕೆ ಭಯ? ನೀನು ಜೋಂಪು ಹತ್ತಿ ಕೈ ಕಳಕಂಡೆ. ಆವಯ್ಯಂಗೆ ಜೋಂಪು ಹತ್ತಲ್ಲ. ಕೆಲಸದಾಗೆ ಒಂದು ದಿನ ಕಣ್ಣು ಮುಚ್ಚಿದೋನಲ್ಲ. ಎಲ್ರಿಗೂ ಅದ್ನೇ ಹೇಳ್ತಾನೆ, ನಮ್ ಬಾವ ತೂಕಡಿಸ್ದ, ನಾನು ತೂಕಡ್ಸಲ್ಲ ಅಂತ."

ಜಂಬಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. ತಾನು ಊರಿಗೆಲ್ಲ ಹೇಳಿಕೊಂಡು ಬಂದ ಒಂದು ಮಾತು ಎಲ್ಲಿಗೆ ಬಂದು ನಿಂತಿದೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಕೈ ತೊಳೆದು ನೇರ ಮಿಲ್ಲಿಗೆ ನಡೆದ.

ಮಧ್ಯಾಹ್ನ ಊಟಕ್ಕೆ ಇಂಜಿನ್ ನಿಲ್ಲಿಸುವವರೆಗೂ ಬೇವಿನ ಮರದ ಕೆಳಗೆ ಕಾದ. ನಿಲ್ಲಿಸಿದ ಮೇಲೆ ಕಾಟಪ್ಪ ಬುತ್ತಿ ಹಿಡಿದು ಬಂದು ಪಕ್ಕದಲ್ಲಿ ಕೂತ.

"ಇನ್ನೂ ಬಟ್ಟಲದ ಮಾತೇನಾ ಬಾವ?"

"ಅಲ್ಲ. ಬೆರಳಿನ ಮಾತು. ನನಗ ಅವತ್ತು ಜೋಂಪು ಹತ್ತಿರ್ಲಿಲ್ಲ."

ಕಾಟಪ್ಪ ಅಗಿಯುವುದನ್ನು ನಿಲ್ಲಿಸಿದ.

"ಬೆಳಿಗ್ಗಿ ಹತ್ತು ಗಂಟಿ ಅದು. ಕಣ್ಣು ನಿಚ್ಚಳ ಇದ್ವು. ಕೈ ಸರಿ ಹೊತ್ತಿಗೆ ಹೋಗಿತ್ತು, ಈಗ ನಿನ್ನ ಕೈ ಹೋಗ್ತದಲ್ಲ ಹಂಗ. ಆಚಿ ಕಡಿ ಮಿಲ್ಲು ತಿರುಗಿಸೋ ಬೆಲ್ಟು ಪುಲ್ಲಿ ಗಾಲಿಯಿಂದ ಜಾರಿ ಬಿತ್ತು. ಭಾರ ತಪ್ಪಿದ್ದಕ್ಕ ಇಂಜಿನ್ನು ಒಮ್ಮೆಲೇ ಜಿಗೀತು. ಬರಬೇಕಾದ್ದಕ್ಕಿಂತ ಮೊದಲ ಬಂತು. ಅಷ್ಟ. ನನ್ನ ಕೈದು ಏನೂ ತಪ್ಪಿರ್ಲಿಲ್ಲ. ಬೆಲ್ಟು ಆಮ್ಯಾಲ ಗದ್ದಲದಾಗ ಬಿತ್ತು ಅಂತ ಎಲ್ರೂ ತಿಳಕೊಂಡ್ರು."

"ಮತ್ತೆ ತೂಕಡಿಸ್ದೆ ಅಂತ ಯಾಕಂದೆ?"

"ತೂಕಡಿಸಿದ್ದೆ ಅಂದ್ರ, ತೂಕಡಿಸದಿದ್ರ ಏನೂ ಆಗ್ತಿರ್ಲಿಲ್ಲ ಅಂದಂಗಾತಲ್ಲ. ನನ್ನ ಕೈಗೆ ಬಂದ ಕಸುಬು ದೊಡ್ಡದು ಅಂತ ಹನ್ನೊಂದು ವರ್ಷ ಮೆರದಿದ್ದೆ. ಅದನ್ನ ನಿನಗೂ ಕಲಿಸಿದೆ. ಅದು ಏನೂ ಅಲ್ಲ, ದಿನಾ ತಪ್ಪಿಸಿಕೊಂಡು ಬರ್ತಿದ್ದೆ ಅಷ್ಟ ಅಂತ ಹೇಳಾಕ ಬಾಯಿ ಬರ್ಲಿಲ್ಲ."

ಕಾಟಪ್ಪನ ಮುಖ ಕಪ್ಪಿಟ್ಟಿತು. "ಏಳು ತಿಂಗ್ಳಾತು! ಏಳು ತಿಂಗ್ಳು ನಾನು ದಿನಕ್ಕೆ ಹತ್ತು ಸಲ ಕೈ ಹಾಕ್ತಿವ್ನಿ. ಈಗ ಬಂದು ಹೇಳ್ತೀಯಾ?" ಬುತ್ತಿಯನ್ನು ಹಾಗೇ ಕಟ್ಟಿ ಎದ್ದು ಹೋದ.

ಇಂಜಿನ್ ಮತ್ತೆ ಹೊರಟಿತು. ಜಂಬಯ್ಯನಿಗೆ ಈಗ ಬೇರೆಯದೇ ಭಯ ಹಿಡಿಯಿತು. ಅಳುಕಿಲ್ಲದೆ ಹೋಗುತ್ತಿದ್ದ ಕೈ ಅದು. ತಾನು ಅದರೊಳಗೆ ಅಳುಕು ತುಂಬಿ ಬಂದಿದ್ದ. ಅಳುಕಿದ ಕೈ ತಡವಾಗುತ್ತದೆ. ಹೇಳಬಾರದಿತ್ತೇನೋ. ಅಥವಾ ಇಂಜಿನ್ ಹೊರಡುವ ಮುಂಚೆ ಕಾಲು ಹಿಡಿದಾದರೂ ತಡೆಯಬೇಕಿತ್ತೇನೋ. ಎಣ್ಣೆ ಬಿಡುವ ತಾಸು ತುಂಬುತ್ತಲೇ ಬೇವಿನ ಮರದಿಂದ ಇಂಜಿನ್ ಮನೆಗೆ ಓಡಿದ. ಬಾಗಿಲಿಗೆ ಬಂದು, ಕೂಗಿದರೆ ಗಮನ ತಪ್ಪೀತು ಎಂದು ಬಾಯಿ ಮುಚ್ಚಿಕೊಂಡು ನಿಂತ.

ಕಾಟಪ್ಪ ಡಬ್ಬಿ ಹಿಡಿದಿದ್ದ. ಭುಜ ಏರಿತು, ಇಳಿಯಿತು. ಕೊಕ್ಕು ಮುಂದೆ ಹೋಗಿ, ಅರ್ಧದಲ್ಲಿ ನಿಂತು, ಹಿಂದೆ ಬಂತು. ಮತ್ತೆ ಹೋಯಿತು, ಎಣ್ಣೆ ಕ್ರ್ಯಾಂಕಿಗೆ ತಾಗದೆ ನೆಲಕ್ಕೆ ಚೆಲ್ಲಿತು. ಅವನು ಕಣ್ಣೆತ್ತಿ ಆಚೆ ಗೋಡೆಯ ಬೆಲ್ಟಿನ ಕಡೆ ನೋಡಿದ, ಕ್ರ್ಯಾಂಕನ್ನು ನೋಡಿದ, ಮತ್ತೆ ಬೆಲ್ಟನ್ನು ನೋಡಿದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಮೂರನೆಯ ಸಲ ಕೈ ಎತ್ತಿದವನು ಚಾಚಲೇ ಇಲ್ಲ. ಕ್ರ್ಯಾಂಕು ಕೂತ ಬೇರಿಂಗಿನಿಂದ ಕಾದ ಎಣ್ಣೆಯ ವಾಸನೆ ಏಳತೊಡಗಿತು.

ಕಾಟಪ್ಪ ಡಬ್ಬಿಯನ್ನು ನೆಲಕ್ಕಿಟ್ಟು, ಇಂಜಿನ್ ಉರಿಸುವ ಎಣ್ಣೆಯ ಕೊಳಾಯಿ ತಿರುಗಿಸಿ ಇಂಜಿನ್ನನ್ನು ನಿಲ್ಲಿಸಿಬಿಟ್ಟ.

ಮಿಲ್ಲು ಪೂರ್ತಿ ಸುಮ್ಮನಾಯಿತು. ಸಿಪ್ಪೆ ಆರಿಸುತ್ತಿದ್ದ ಹೆಂಗಸರು ಬಾಗಿಲಿಗೆ ಬಂದರು. ಹನುಮಂತರಾಯಪ್ಪ ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದರು.

"ಏನಾಯ್ತಲೋ?"

"ಏನೂ ಆಗಿಲ್ಲ ಯಜಮಾನ್ರೆ. ಆಗೋಕ್ಮುಂಚೆ ನಿಲ್ಸಿವ್ನಿ." ಕಾಟಪ್ಪ ಜಂಬಯ್ಯನ ಕಡೆ ನೋಡದೆಯೇ ಹೇಳಿದ: "ಆ ಬಟ್ಟಲು ಹಾಕ್ಸಿ. ನಾನಿನ್ನ ಇದ್ರೊಳಗೆ ಕೈ ಇಡಾದಿಲ್ಲ."

ಪಟ್ಟಿ ನಿಲ್ಲಿಸಿ, ತುಟಿ ಕೂಡಿಸಿ, ಬಟ್ಟಲು ತಗುಲಿಸುವಷ್ಟರಲ್ಲಿ ಮೂರು ತಾಸು ಹಿಡಿಯಿತು. ಜಂಬಯ್ಯನ ಬಲಗೈಗೆ ಬೋಲ್ಟು ನಿಲ್ಲುತ್ತಿರಲಿಲ್ಲ. ಅವನು ಬಾಯಲ್ಲಿ ಹೇಳಿದ, ಕಾಟಪ್ಪ ಮಾಡಿದ. ಹೊರಡಿಸಿದ ಹತ್ತು ಸುತ್ತಿಗೇ ಬತ್ತಿ ಕಿತ್ತುಕೊಂಡು ಗೋಡೆಗೆ ಬಡಿಯಿತು, ಇಂಜಿನ್ ಮತ್ತೆ ನಿಲ್ಲಿಸಬೇಕಾಯಿತು. ಬಟ್ಟಲು ಕೆಳಗಾಗಿತ್ತು, ರಾಯದುರ್ಗದ ಇಂಜಿನ್ನಿನ ಅಳತೆ ಇದಕ್ಕೆ ಕೂಡಿರಲಿಲ್ಲ. ಹಮಾಲರು ನಕ್ಕರು. ಹನುಮಂತರಾಯಪ್ಪ ಆಕಾಶ ನೋಡಿ, ಹೊತ್ತು ಎಷ್ಟಾಯಿತೆಂದು ಲೆಕ್ಕ ಹಾಕಿದರು.

"ಇಳಿಸಿಬಿಡಾನೇನಪ್ಪ?"

"ತಡೀರಿ" ಎಂದ ಜಂಬಯ್ಯ. ಅಷ್ಟರಲ್ಲಿ ಕಾಟಪ್ಪನೇ ಮಂಡಿಯೂರಿ ಕೂತು, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆ ತಿರುಗಿಸಿ, ತುಟಿಗೂ ಬಟ್ಟಲಿಗೂ ನಡುವೆ ಕಣ್ಣಿಟ್ಟು ನೋಡುತ್ತಿದ್ದ. ಪಟ್ಟಿಯ ಕೆಳಗೆ ಎರಡು ತಗಡಿನ ಚೂರು ಕೊಟ್ಟು ಏರಿಸಿದ. ಬತ್ತಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಸಮ ಮಾಡಿ ಮತ್ತೆ ಪೋಣಿಸಿದ.

ಈ ಸಲ ತುಟಿ ಬತ್ತಿಯನ್ನು ಸವರಿ ಹೋಯಿತು. ಮತ್ತೆ ಸವರಿತು. ಒಂದು ತಾಸಿನ ಮೇಲೆ ಇಂಜಿನ್ ನಿಲ್ಲಿಸಿ ಹನುಮಂತರಾಯಪ್ಪನವರೇ ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡಿದರು.

"ತಣ್ಣಗೈತೆ" ಎಂದರು, ಸ್ವಲ್ಪ ಆಶ್ಚರ್ಯದಿಂದಲೇ.

ಆ ಸಂಜೆ ಮನೆಯಲ್ಲಿ ಪಾಲಮ್ಮನಿಗೆ ಏನು ನಡೆಯಿತೆಂದು ಜಂಬಯ್ಯನೇ ಹೇಳಿದ. ಅವಳು ಕೇಳುತ್ತ ಕೇಳುತ್ತ ಒಲೆಯ ಮುಂದೆ ಕೂತುಬಿಟ್ಟಳು. ಗಂಡನ ಬಲಗೈಯನ್ನು ಎಳೆದುಕೊಂಡು, ಬೆರಳೊಂದೊಂದನ್ನೂ ಮುಟ್ಟಿ ನೋಡಿದಳು. ಅವನು ಬಿಡಿಸಿಕೊಂಡು ಹೊರಗೆ ಹೋದ.

ಮರುದಿನ ಹಿಂದೂಪುರದ ಮೋಟಾರು ಹೊರಡುವ ಹೊತ್ತಿಗೆ ಕಾಟಪ್ಪ ಅಲ್ಲಿಗೆ ಬಂದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಮ್ಮೆ ಕಟ್ಟಿಕೊಂಡ, ಒಮ್ಮೆ ಬಿಟ್ಟ.

"ಬೆಳಿಗ್ಗೆಯಿಂದ ಮೂರು ಸಲ ಡಬ್ಬಿ ಹಿಡ್ಕಂಡು ಎದ್ದೆ ಬಾವ" ಎಂದ. "ಎದ್ದು, ಸುಮ್ನೆ ನಿಂತ್ಕಂಡೆ. ನಾಳೆ ಸಂತೆ. ಜನ ಬತ್ತಾರೆ. ಏನು ತೋರಿಸ್ಲಿ?"

"ಏನೂ ತೋರಿಸಬ್ಯಾಡ."

"ನೀನು ಸುಮ್ಮನಿದ್ದಿದ್ರೆ ನಾನು ಇನ್ನೂ ಹತ್ತು ವರ್ಷ ಎಣ್ಣೆ ಬಿಡ್ತಿದ್ದೆ. ಒಂದು ಹನಿ ಚೆಲ್ತಿರ್ಲಿಲ್ಲ."

"ಬಿಡ್ತಿದ್ದೇನೋ" ಎಂದ ಜಂಬಯ್ಯ. "ಬಿಡ್ತಿರ್ಲಿಲ್ಲೇನೋ. ನನಗ ಗೊತ್ತಿಲ್ಲ ತಮ್ಮ."

ಮೋಟಾರು ಹೊರಟಿತು. ಕಾಟಪ್ಪ ಹೋಗಿ ಬಾ ಎನ್ನಲಿಲ್ಲ.

ಊರಿಗೆ ಬಂದ ಜಂಬಯ್ಯ ಮೊದಲು ಸಣ್ಣಕ್ಕನಿಗೆ, ಆಮೇಲೆ ಮಾಲೀಕರಿಗೆ ನಿಜ ಹೇಳಿದ. ಮಾಲೀಕರು ಬೆಲ್ಟು ಜಾರದಂತೆ ಪುಲ್ಲಿಗೆ ಅಂಚು ಹಾಕಿಸಿದರು. ಆ ಯುಗಾದಿಗೆ ಪಾಲಮ್ಮ ಒಬ್ಬಳೇ ತವರಿಗೆ ಬಂದಳು. ಗಂಡನಿಗೆ ಬಿಡುವಿಲ್ಲ ಎಂದಳು, ಯಾರೂ ಹೆಚ್ಚು ಕೇಳಲಿಲ್ಲ. ಅದರ ಮುಂದಿನ ಯುಗಾದಿಗೆ ಕಾಟಪ್ಪನೂ ಬಂದ. ಕಾಲು ತೊಳೆದು ನೀರು ಕುಡಿದು, ಒಂದಿಷ್ಟು ಹೊತ್ತು ಆಚೆ ಈಚೆ ನೋಡಿ, "ಬಾವ, ಗುಡಿಬಂಡೆ ಕಡೆ ಅಕ್ಕಿ ಮಿಲ್ಲು ಹಾಕ್ತಾವ್ರೆ. ಅಲ್ಲೂ ಎಣ್ಣೆ ಕೈಯಾಗೇ ಬಿಡ್ಬೇಕಂತೆ. ನಿಮ್ಮ ಚಿತ್ತಪ್ಪ ಇನ್ನೂ ನಾಕು ಬಟ್ಟಲು ಮಾಡ್ಕೊಡ್ತಾನಾ?" ಎಂದು ಕೇಳಿದ.

ಜಂಬಯ್ಯ ಚಪ್ಪಲಿ ಮೆಟ್ಟಿಕೊಂಡ. "ಬಾ, ಈಗ ಮನಿಯಾಗ ಇರ್ತಾನ" ಎಂದ. ಹೋಳಿಗೆ ಆಗಿದೆ, ಉಂಡು ಹೋಗಿ ಎಂದು ಸಣ್ಣಕ್ಕ ಒಳಗಿನಿಂದ ಕೂಗುತ್ತಿದ್ದರೂ ಇಬ್ಬರೂ ಆಗಲೇ ಬೀದಿಗೆ ಇಳಿದಿದ್ದರು.