ಮಾರ್ಫೀನಿಗೆ ಮೊದಲ ಸಹಿ

ಮಂಗಳವಾರ ಬೆಳಿಗ್ಗೆಯಿಂದ ಕುನಿಹಿರಾ ಕೂತಲ್ಲಿ ಕೂರಲಿಲ್ಲ. ಹೊರಗೆ ರೋಗಿಗಳ ಸಾಲು ಹಲಸಿನ ಮರದವರೆಗೆ ಬೆಳೆದಿತ್ತು. ಅವಳು ಮಾತ್ರ ನಾಲ್ಕು ಜನರನ್ನು ನೋಡುವುದು, ಎದ್ದು ಹೋಗುವುದು, ಆರೋಗ್ಯ ಕೇಂದ್ರದ ಹಿಂದಿನ ದಿಬ್ಬ ಹತ್ತಿ ಫೋನನ್ನು ಆಕಾಶಕ್ಕೆ ಹಿಡಿಯುವುದು, ಬೈದುಕೊಳ್ಳುತ್ತಾ ಇಳಿದು ಬರುವುದು. ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಯಾವುದೋ ತರಬೇತಿ ಶಿಬಿರ ಅಂತ ಕಂಪಾಲಾಕ್ಕೆ ಹೋಗಿ ಕೂತಿದ್ದರು, ಫೋನ್ ಎತ್ತುತ್ತಿರಲಿಲ್ಲ. ಎತ್ತಿದ್ದರೂ ಉಪಯೋಗವಿರಲಿಲ್ಲ. ಮಾರ್ಫೀನ್ ಚೀಟಿಗೆ ಬೇಕಾದದ್ದು ಡಾಕ್ಟರ ದನಿಯಲ್ಲ, ಸಹಿ.

ಔಷಧ ಇರಲಿಲ್ಲವೇ? ಇತ್ತು. ಅವಳು ಕೂರುವ ಕುರ್ಚಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಗೋಡೆಯ ಕಪಾಟಿನೊಳಗಿನ ಇನ್ನೊಂದು ಪುಟ್ಟ ಕಪಾಟಿನಲ್ಲಿ, ಎರಡು ಬೀಗದ ಹಿಂದೆ ಹಸಿರು ಬಣ್ಣದ ನೀರಿನ ಹಾಗೆ ತಣ್ಣಗೆ ಕೂತಿತ್ತು. ಒಂದೂವರೆ ಮೈಲಿ ಆಚೆ, ಬಾಳೆತೋಟದ ನಡುವಿನ ಮನೆಯಲ್ಲಿ ಮುದುಕ ರ್ವಬುಹಿಂಗಾ ಬೆನ್ನುಮೂಳೆಗೆ ಇಳಿದ ಕ್ಯಾನ್ಸರಿನಿಂದ ಒರಗಲೂ ಆಗದೆ, ಮಲಗಲೂ ಆಗದೆ ಒದ್ದಾಡುತ್ತಿದ್ದರು. ನಡುವೆ ಇದ್ದದ್ದು ಕಾಗದ.

ಕುನಿಹಿರಾ ಡಾಕ್ಟರಲ್ಲ, ಕ್ಲಿನಿಕಲ್ ಆಫೀಸರ್. ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಡಾಕ್ಟರು ಕಾಲಿಡದ ಊರುಗಳಲ್ಲಿ ಡಾಕ್ಟರರ ಕೆಲಸವನ್ನೆಲ್ಲ ಮಾಡುವವಳು. ಇಂಥವರೂ ಮಾರ್ಫೀನ್ ಬರೆಯಬಹುದು ಅಂತ ಯುಗಾಂಡದ ಕಾನೂನೇ ಹೇಳುತ್ತದೆ. ಆದರೆ ಅದಕ್ಕೆಂದೇ ಇರುವ ಒಂಬತ್ತು ತಿಂಗಳ ಓದು ಓದಿರಬೇಕು. ಅವಳು ಓದಿದ್ದಳು. ಪಾಸೂ ಆಗಿದ್ದಳು. ಪಾಸಾದವರ ಹೆಸರಿನ ಪತ್ರಕ್ಕೆ ಜಿಲ್ಲಾ ಕಚೇರಿಯ ಮೊಹರು ಬೀಳಬೇಕಿತ್ತು, ಅದೊಂದು ಬಿದ್ದಿರಲಿಲ್ಲ. ಮೊಹರು ಬೀಳುವವರೆಗೆ ಅವಳ ಓದು ಅವಳ ತಲೆಯಲ್ಲೇ ಇರಬೇಕು, ಕೈಗೆ ಬರುವ ಹಾಗಿಲ್ಲ.

"ಅಕೀಕಿ, ಇಲ್ಲಿ ಬಾ ನೀನು," ಎಂದು ಸಿಸ್ಟರ್ ಕೆಜಿಯಾ ಔಷಧದ ಕೋಣೆಯಿಂದ ಕರೆದಳು. ಈ ಸೀಮೆಯ ತೋರೊ ಜನ ಯಾರನ್ನೂ ಬರೀ ಹೆಸರು ಹಿಡಿದು ಕರೆಯುವವರಲ್ಲ. ಹುಟ್ಟಿದಾಗಲೇ ಪ್ರೀತಿಯ ಇನ್ನೊಂದು ಹೆಸರು ಇಟ್ಟಿರುತ್ತಾರೆ, ಕುನಿಹಿರಾಳದು ಅಕೀಕಿ. ಕೆಜಿಯಾ ಮೂವತ್ತು ವರ್ಷ ಸರ್ವಿಸ್ ಆದ ನರ್ಸು, ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ರಾಗಿ ಮುದ್ದೆಯನ್ನು ಹುರುಳಿಕಾಯಿ ಗೊಜ್ಜಿಗೆ ಅದ್ದುತ್ತಾ ಅವಳು ಗಲ್ಲದಿಂದಲೇ ಮೇಜಿನ ಡ್ರಾಯರ್ ತೋರಿಸಿದಳು.

"ಡಾಕ್ಟರು ಮೂರು ಚೀಟಿಗೆ ಸಹಿ ಹಾಕಿಟ್ಟು ಹೋಗಿದಾರೆ. ಖಾಲಿ ಚೀಟಿ. ಮುದುಕಪ್ಪನ ಹೆಸರು ಬರಿ, ಬೀಗ ನಾನು ತೆಗೀತೀನಿ."

"ಅದು ಕಳ್ಳ ಚೀಟಿ, ಸಿಸ್ಟರ್."

"ಕಳ್ಳ ಚೀಟಿ ಯಾಕಾಗತ್ತೆ? ಸೋಮಾರಿ ಚೀಟಿ ಅನ್ನು. ಸಹಿ ಅವರದೇ ತಾನೆ?"

"ಅವರು ಕಂಪಾಲಾದಲ್ಲಿ ಕೂತು ಇಲ್ಲಿನ ರೋಗಿಗೆ ಇವತ್ತಿನ ತಾರೀಕು ಹಾಕಿದ್ದು ಹೇಗೆ ಅಂತ ಕೇಳಿದ್ರೆ?"

"ಯಾರು ಕೇಳ್ತಾರೆ ಈ ಗುಡ್ಡದ ಮೇಲೆ? ಮಂಗಗಳು ಕೇಳ್ತಾವಾ?"

ಕೇಳುವವರು ಇದ್ದರು. ಹೋದ ವರ್ಷ ಪಕ್ಕದ ತಾಲ್ಲೂಕಿನ ಕೇಂದ್ರದಲ್ಲಿ ಇಂಥದ್ದೇ ಒಂದು ಚೀಟಿ ತಪಾಸಣೆಯವರ ಕೈಗೆ ಸಿಕ್ಕಿತ್ತು. ಬರೆದವನ ಲೈಸೆನ್ಸ್ ಹೋಯಿತು, ಅದು ಹೋಗಲಿ. ಕಪಾಟನ್ನೇ ಖಾಲಿ ಮಾಡಿಕೊಂಡು ಹೋದರು. ಏಳು ತಿಂಗಳು ಆ ಕಡೆ ಒಬ್ಬರಿಗೂ ಮಾರ್ಫೀನ್ ಸಿಗಲಿಲ್ಲ. ಕುನಿಹಿರಾಳ ಮಾರ್ಫೀನ್ ರೋಗಿಗಳ ಪಟ್ಟಿಯಲ್ಲಿ ಈ ಮುದುಕರನ್ನು ಬಿಟ್ಟು ಇನ್ನೂ ಹದಿನೆಂಟು ಜನ ಇದ್ದರು. ಅವಳು ಡ್ರಾಯರ್ ಎಳೆದಳು, ಚೀಟಿ ನೋಡಿದಳು, ಡಾಕ್ಟರರ ಸೊಟ್ಟ ಸಹಿ ನೋಡಿದಳು, ಮತ್ತೆ ನೂಕಿದಳು. ಹತ್ತು ನಿಮಿಷ ಬಿಟ್ಟು ಬಂದು ಮತ್ತೆ ಎಳೆದಳು.

"ಅದೇನು ಕೋಳಿಗೂಡಾ, ಮೊಟ್ಟೆ ಇಟ್ಟಿದೆಯಾ ಅಂತ ನೋಡೋಕೆ?" ಎಂದಳು ಕೆಜಿಯಾ.

ಮಧ್ಯಾಹ್ನ ಅವಳು ಕೇಂದ್ರದ ಹಳೇ ಬೈಕ್ ಹತ್ತಿ ಮುದುಕರ ಮನೆಗೆ ಹೋದಳು. ಇದ್ದಬದ್ದ ನೋವಿನ ಮಾತ್ರೆ ಚೀಲದಲ್ಲಿತ್ತು. ಆ ಮಾತ್ರೆಗಳಿಂದ ಏನೂ ಆಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ರ್ವಬುಹಿಂಗಾ ಮೂವತ್ತು ವರ್ಷ ಆ ಸೀಮೆಯ ಫುಟ್‌ಬಾಲ್ ಪಂದ್ಯಗಳಿಗೆಲ್ಲ ರೆಫರಿ ಆಗಿದ್ದವರು. ಸೋತ ಊರಿನವರು ಅಟ್ಟಿಸಿಕೊಂಡು ಬಂದಾಗ ಜೋಳದ ಹೊಲದಲ್ಲಿ ಅಡಗಿ ಜೀವ ಉಳಿಸಿಕೊಂಡ ಕಥೆಗಳೇ ಹತ್ತಾರು ಇದ್ದವು. ಈಗ ಮೊಣಕಾಲೂರಿ, ಮಂಚದ ಅಂಚಿಗೆ ಎದೆ ಕೊಟ್ಟು, ಎರಡೂ ಕೈಯಲ್ಲಿ ಅದರ ಕಾಲು ಹಿಡಿದುಕೊಂಡಿದ್ದರು.

"ಬಾ ಡಾಕ್ಟರಮ್ಮ," ಎಂದರು ಹಲ್ಲು ಕಚ್ಚಿಕೊಂಡು.

"ನಾನು ಡಾಕ್ಟರಲ್ಲ, ಅಮೂಟಿ," ಎಂದಳು, ಅವರನ್ನು ಅವರ ಪ್ರೀತಿಯ ಹೆಸರಿನಿಂದ ಕರೆದು.

"ಅದೇ ತೊಂದ್ರೆ ಆಗಿರೋದು ಅಲ್ವಾ ಈಗ?"

ಅವಳಿಗೆ ನಗು ಬರಲಿಲ್ಲ. ಖಾಲಿ ಚೀಟಿಯ ವಿಷಯ ಹೇಳಬಾರದಿತ್ತು, ಹೇಳಿಬಿಟ್ಟಳು. ಎದುರಿಗೆ ಒಬ್ಬ ಮನುಷ್ಯ ಹಾಗೆ ಮಂಚ ಹಿಡಿದುಕೊಂಡಿರುವಾಗ ಸುಳ್ಳು ಬಾಯಿಗೆ ಬರುವುದಿಲ್ಲ. ಮುದುಕರ ಹೆಂಡತಿ ಜೆನೆಟಿ ಬಾಗಿಲ ಬಳಿ ನೆಲದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

"ಬರೆದು ಸಿಕ್ಕಿಹಾಕ್ಕೊಂಡ್ರೆ ನಿನಗೇನಾಗತ್ತೆ?" ಎಂದರು ಮುದುಕರು.

"ಕೆಲಸ ಹೋಗತ್ತೆ. ಜೈಲೂ ಆಗಬಹುದು. ಉಳಿದವರಿಗೂ ಔಷಧ ನಿಂತುಹೋಗತ್ತೆ."

"ಹಾಗಾದ್ರೆ ಬರೀಬೇಡ. ನೀನು ಮೊಹರು ತಗೊಂಡು ಬಾ. ನಾನೆಲ್ಲೂ ಹೋಗಲ್ಲ." ಆಮೇಲೆ ಅವರು ಕೂಗಿದರು. ಮಾತಲ್ಲ, ಬರೀ ಕೂಗು. ಬಾಳೆತೋಟದಾಚೆಯ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕುನಿಹಿರಾ ಬೈಕ್ ಹತ್ತಿದ ಮೇಲೂ ಆ ಕೂಗು ಬಹಳ ದೂರ ಕೇಳಿಸಿತು.

ಬುಧವಾರ ಜಿಲ್ಲಾ ಕಚೇರಿಗೆ ಬೀಗ. ಯಾರೋ ದೊಡ್ಡವರು ತೀರಿಕೊಂಡಿದ್ದರು, ಸಾಹೇಬರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರೂ ಮಣ್ಣಿಗೆ ಹೋಗಿದ್ದರು. ಮಣ್ಣಿಗೆ ಹೋಗದವನು ಮನುಷ್ಯನೇ ಅಲ್ಲ ಎನ್ನುವ ಸೀಮೆ ಅದು, ಬೈಯುವಂತೆಯೂ ಇಲ್ಲ. ಕುನಿಹಿರಾ ಬೀಗ ಹಾಕಿದ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡಿದಳು, ಕಿಟಕಿಯಿಂದ ಇಣುಕಿದಳು, ಸತ್ತವರ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ನಲವತ್ತು ಕಿಲೋಮೀಟರ್ ಕೆಂಪು ಧೂಳು ಕುಡಿದುಕೊಂಡು ವಾಪಸ್ ಬಂದಳು.

ಗುರುವಾರ ಗುಮಾಸ್ತ ಸಿಕ್ಕಿದ.

"ನಿಮ್ಮ ಪತ್ರಾನಾ? ಅದು ಬಂದು ಹನ್ನೊಂದು ದಿನ ಆಯ್ತಲ್ಲ," ಎಂದು ಅವನು ಟೀ ಫ್ಲಾಸ್ಕನ್ನು ಎತ್ತಿ, ಅದರ ಕೆಳಗಿದ್ದ ಕಾಗದಗಳಲ್ಲಿ ಒಂದನ್ನು ಎಳೆದ. ಅವಳ ಹೆಸರಿನ ಮೇಲೆ ದುಂಡಗೆ ಟೀ ಕಲೆ ಬಿದ್ದಿತ್ತು.

"ಹನ್ನೊಂದು ದಿನ! ಒಂದು ಫೋನ್ ಮಾಡೋಕೆ ಏನಾಗಿತ್ತು?"

"ಅಕೀಕಿ, ಕಂಡವರಿಗೆಲ್ಲ ಫೋನ್ ಮಾಡ್ತಾ ಕೂತ್ರೆ ಕೆಲಸ ಮಾಡೋದು ಯಾವಾಗ?"

"ನೀವು ಮಾಡೋ ಕೆಲಸ ಈ ಫ್ಲಾಸ್ಕೇ ಹೇಳ್ತಿದೆ ಬಿಡಿ."

ಅವನು ಸಿಟ್ಟಾಗಲಿಲ್ಲ. ನಕ್ಕು, ಮೊಹರಿಗೆ ಬಾಯಿಂದ ಹಬೆ ಊದಿ, ಒತ್ತಿ ಕೊಟ್ಟ. ಎರಡು ಸೆಕೆಂಡಿನ ಕೆಲಸ. ಮುದುಕರು ಆ ಎರಡು ಸೆಕೆಂಡಿಗಾಗಿ ಎಷ್ಟು ದಿನ ಮಂಚ ಹಿಡಿದುಕೊಂಡಿದ್ದರು ಎನ್ನುವುದನ್ನು ನೆನೆಯುತ್ತಾ ಅವಳು ಪತ್ರ ಮಡಚಿಕೊಂಡು ಬೈಕಿನ ಕಡೆ ಹೊರಟಳು.

ಅವತ್ತೇ ಮಧ್ಯಾಹ್ನ ಅವಳು ಮೊದಲ ಸಲ ತನ್ನ ಹೆಸರಿನಲ್ಲಿ ಮಾರ್ಫೀನ್ ಬರೆದಳು. ಮೂರು ಪ್ರತಿ, ಮೂರರ ಮೇಲೂ ಸಹಿ. ಕೆಜಿಯಾ ಎರಡು ಬೀಗ ತೆಗೆದು, ಜೆನೆಟಿ ತೊಳೆದು ತಂದಿದ್ದ ಕುಡಿಯುವ ನೀರಿನ ಬಾಟಲಿಗೆ ಹಸಿರು ಔಷಧ ಅಳೆದು ಸುರಿದಳು. ಒಂದು ವಾರದ್ದು. ದೊಡ್ಡ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದರು, ಜೆನೆಟಿ ಹೆಬ್ಬೆಟ್ಟು ಒತ್ತಿದಳು. ಕುನಿಹಿರಾ ಜೆನೆಟಿಯನ್ನು ಹಿಂದೆ ಕೂರಿಸಿಕೊಂಡು ತಾನೇ ಮನೆಗೆ ಬಂದಳು. ಅವಳಿಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಹೆಮ್ಮೆಯ ಜೊತೆಗೆ ಹೆದರಿಕೆಯೂ ಇತ್ತು, ಆ ಹೆದರಿಕೆಯೇ ಬಾಯಿಂದ ಬಂತು.

"ನಾಲ್ಕು ಗಂಟೆಗೊಂದು ಚಮಚ. ಮಲಗೋವಾಗ ಎರಡು. ಬೇರೆ ಯಾರಿಗೂ ಕೊಡೋ ಹಾಗಿಲ್ಲ. ಒಂದು ಹನಿ ಚೆಲ್ಲೋ ಹಾಗಿಲ್ಲ. ಉಳಿದದ್ದು ಎಷ್ಟು ಅಂತ ನಾನು ಬಂದು ನೋಡ್ತೀನಿ, ಪುಸ್ತಕಕ್ಕೆ ತಾಳೆ ಆಗಬೇಕು. ಆಗದಿದ್ರೆ ನನ್ನ ಕೆಲಸಕ್ಕೆ ಸಂಚಕಾರ, ತಿಳೀತಾ ಅಡ್ಯೇರಿ? ಇದು ನನ್ನ ಮೊದಲ ಸಹಿ."

"ತಿಳೀತು," ಎಂದಳು ಜೆನೆಟಿ, ಬಾಟಲಿಯನ್ನು ಎಳೆಗೂಸಿನ ಹಾಗೆ ಎದೆಗೆ ಹಿಡಿದು.

ಮೊದಲ ಚಮಚ ತಾನೇ ಕುಡಿಸಿ, ಅದು ಹಿಡಿಯುವ ತನಕ ಕೂತು ನೋಡಬೇಕು ಅಂತ ಅವಳಿಗೆ ಕಲಿಸಿದ್ದರು. ಚಮಚ ಕೇಳುವಷ್ಟರಲ್ಲಿ ದಿಬ್ಬದ ಮೇಲಿಂದ ಕೆಜಿಯಾಳ ಫೋನ್ ಬಂತು: ಹೆರಿಗೆಗೆ ಬಂದಿದ್ದವಳ ಮಗು ಅಡ್ಡ ತಿರುಗಿದೆ, ಓಡಿ ಬಾ. "ಈಗಲೇ ಶುರುಮಾಡಿ," ಎಂದು ಹೇಳುತ್ತಲೇ ಅವಳು ಬೈಕಿನ ಕಡೆ ಓಡಿದಳು.

ಶುಕ್ರವಾರ ಅದೇ ದಿಬ್ಬ ಹತ್ತಿ ಜೆನೆಟಿಗೆ ಫೋನ್ ಮಾಡಿದಳು.

"ಹೇಗಿದಾರೆ ಅಮೂಟಿ?"

"ಚೆನ್ನಾಗಿದಾರೆ, ದೇವರ ದಯೆ."

"ನೋವು?"

"ಪರವಾಗಿಲ್ಲ, ದೇವರ ದಯೆ. ನೀವು ಹೇಗಿದೀರಿ? ಮನೇಲಿ ಎಲ್ಲ ಸುಖವಾ?"

"ಔಷಧ ಹೇಗಿದೆ?"

"ಭದ್ರವಾಗಿದೆ, ಅಕೀಕಿ."

ಅವಳಿಗೆ ಎಷ್ಟೋ ನಿರಾಳವಾಯಿತು. ತೋರೊ ಮನೆಯಲ್ಲಿ ಯಾರೇ ಹೇಗಿದ್ದೀರಿ ಅಂತ ಕೇಳಲಿ, ಹೆಣ ಒಳಗಿದ್ದರೂ ಮೊದಲ ಉತ್ತರ ಚೆನ್ನಾಗಿದ್ದೇವೆ ಅಂತಲೇ. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಒಳ್ಳೇ ಸುದ್ದಿ ಕೇಳಲು ಕಾದು ಕೂತ ಕಿವಿಗೆ ಮರ್ಯಾದೆಯ ಮಾತೂ ಸುದ್ದಿಯಾಗಿ ಕೇಳಿಸುತ್ತದೆ. ಶನಿವಾರ ಲಸಿಕೆ, ಭಾನುವಾರ ಇನ್ನೊಂದು ಹೆರಿಗೆ. ನಡುನಡುವೆ ಏನೋ ಕಸಿವಿಸಿಯಾಗುತ್ತಿತ್ತು, ಕೆಲಸ ಅದನ್ನು ನೂಕಿ ಹಾಕುತ್ತಿತ್ತು.

ಸೋಮವಾರ ಬೆಳಿಗ್ಗೆ ಹೋದಳು. ಬಾಳೆತೋಟದ ತಿರುವಿನಲ್ಲಿ ಬೈಕ್ ನಿಲ್ಲಿಸಿ ಕಿವಿಗೊಟ್ಟಳು. ಕೂಗು ಇಲ್ಲ. ನರಳಾಟವೂ ಇಲ್ಲ. ಕೋಳಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗಾಗಿ, ಅವಳು ನಗುನಗುತ್ತಾ ಒಳಗೆ ಹೋದಳು.

ಮುದುಕರು ಅದೇ ಮಂಚದ ಕಾಲು ಹಿಡಿದುಕೊಂಡು ಅದೇ ಮೊಣಕಾಲಿನ ಮೇಲಿದ್ದರು. ಬಾಯಲ್ಲಿ ಬಟ್ಟೆ ತುರುಕಿಕೊಂಡಿದ್ದರು. ಬಟ್ಟೆ ಎಂಜಲಿನಿಂದ ಒದ್ದೆಯಾಗಿತ್ತು, ಒಂದು ಮೂಲೆಯಲ್ಲಿ ರಕ್ತವಿತ್ತು.

ಕುನಿಹಿರಾ ಓಡಿ ಅವರ ಪಕ್ಕದಲ್ಲಿ ನೆಲಕ್ಕೆ ಕೂತಳು. ಜೆನೆಟಿ ಮಾತ್ರ ಅವಳನ್ನು ಕಂಡು ಮುಖವರಳಿಸಿದಳು. ಸೆರಗಿನ ಗಂಟಿನಿಂದ ಬೀಗದ ಕೈ ತೆಗೆದು ಒಳಕೋಣೆಯ ಬಾಗಿಲು ತೆರೆದಳು, ಇನ್ನೊಂದು ಬೀಗದ ಕೈಯಿಂದ ತಗಡಿನ ಪೆಟ್ಟಿಗೆ ತೆರೆದಳು, ಮದುವೆಯ ಬಟ್ಟೆಯ ಮಡಿಕೆಯೊಳಗಿಂದ ಬಾಟಲಿ ತಂದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಕುತ್ತಿಗೆಯ ತನಕ ತುಂಬಿತ್ತು.

"ನೋಡ್ಕೊಳ್ಳಿ ಅಕೀಕಿ. ಒಂದು ಹನಿ ಚೆಲ್ಲಿಲ್ಲ. ನಿಮ್ಮಲ್ಲಿ ಎರಡು ಬೀಗ ಇದ್ವಲ್ಲ, ನಾವೂ ಎರಡು ಹಾಕಿದ್ವಿ."

"ಕೊಟ್ಟೇ ಇಲ್ವಾ? ಒಂದು ಚಮಚಾನೂ?"

"ಅಷ್ಟೊಂದು ಸಹಿ ಹಾಕಿ ಕೊಡೋ ಔಷಧ ಅಂದ್ರೆ ಕೊನೆಗಾಲಕ್ಕೆ ಇರಬೇಕು ಅಂದ್ಕೊಂಡೆ. ಆಮೇಲೆ ಇವರೇ ಬೇಡ ಅಂದ್ರು."

ಮುದುಕರು ಬಾಯಿಂದ ಬಟ್ಟೆ ತೆಗೆದರು.

"ಇವಳಿಗೆ ಕೈ ನಡುಗತ್ತೆ. ಅಳತೆ ತಪ್ಪಿದ್ರೆ ನಿನ್ನ ಕೆಲಸ ಹೋಗತ್ತೆ ಅಂದಿದ್ದೆಯಲ್ಲ. ಅಕೀಕಿ ಬಂದು ನೋಡಿ ಸರಿ ಇದೆ ಅನ್ನಲಿ, ಆಮೇಲೆ ಕುಡಿಯೋಣ ಅಂದೆ. ನಾಲ್ಕು ದಿನ ತಾನೆ."

"ಬಟ್ಟೆ ಯಾಕೆ?"

"ಔಷಧ ಸಿಕ್ಕಿದೆ ಅಂತ ಊರಿಗೆಲ್ಲ ಗೊತ್ತಲ್ಲ. ಆದರೂ ಕೂಗ್ತಾನೆ ಅಂದ್ರೆ ಏನಂತಾರೆ? ಅಕೀಕಿ ಬರೆದದ್ದು ಹಿಡೀಲಿಲ್ಲ ಅಂತಾರೆ."

ಸಹಿಗಾಗಿ ಅವಳು ಎಲ್ಲೆಲ್ಲಿಗೋ ಓಡಿದ್ದಳು. ಸಹಿ ಬಿದ್ದ ಮೇಲೆ ನೋವನ್ನು ನಾಲ್ಕು ದಿನ ಎಳೆದದ್ದು ಗುಮಾಸ್ತನೂ ಅಲ್ಲ, ಕಾನೂನೂ ಅಲ್ಲ, ಅವಳದೇ ನಾಲಿಗೆ. ಅವಳು ಅಳುತ್ತಲೇ ಮುಚ್ಚಳ ತಿರುಗಿಸಿ ಚಮಚಕ್ಕೆ ಸುರಿದಳು. ಚಮಚ ತುಂಬಿ ಹರಿದು ಹಸಿರು ಹನಿಗಳು ನೆಲಕ್ಕೆ ಬಿದ್ದವು. ಜೆನೆಟಿ ಗಾಬರಿಯಿಂದ ಬಗ್ಗಿ ಬೆರಳಿನಿಂದ ಅವನ್ನು ಬಳಿಯಲು ಹೋದಳು. ಕುನಿಹಿರಾ ಅವಳ ಕೈ ಹಿಡಿದುಕೊಂಡಳು.

"ಬಿಡಿ, ಅಡ್ಯೇರಿ. ಚೆಲ್ಲಲಿ ಬಿಡಿ."

ಮುದುಕರು ಚಮಚ ನೆಕ್ಕಿ ಮುಖ ಕಿವಿಚಿದರು. "ಕಹಿ. ಇದು ಹಿಡಿಯೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

ಅವರು ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಅಷ್ಟರೊಳಗೆ ಒಂದು ಸಲ ಕೂಗಿಬಿಡ್ಲಾ, ಮಗಳೇ? ನಿನಗೇನೂ ತೊಂದ್ರೆ ಆಗಲ್ಲ ತಾನೆ?"