ನಾಲ್ಕನೇ ನಂಬರಿನ ಗುಣದೋಷ

ಹೆತ್ತವರಿಗೆ ಮುದ್ದೇ ಹೆಗ್ಗಣ ಅಂತ ಹಿರಿಯರು ಹೇಳಿದ್ದಾರೆ. ಛೆ, ಅವರು ಹೇಳಿದ್ದು ತಿರುಗಾಮುರುಗಾ ಎನ್ನುವವರು ಬಾಟನಿ ಡೌನ್ಸ್‌ನ ಕಲ್ಲೇಶನನ್ನು ಒಮ್ಮೆ ನೋಡಿ ಬಂದು ಆಮೇಲೆ ಮಾತಾಡಲಿ. ಮುಂದೆ ಬರುವುದು ಅಪ್ಪಟ ನಡೆದ ಕಥೆ. ಅಲ್ಲಲ್ಲಿ ಖಾರ ಹತ್ತಿದರೆ ಅದು ಹುಬ್ಬಳ್ಳಿಯ ಮೆಣಸಿನಕಾಯಿಯ ತಪ್ಪು, ಹೇಳುವವರದಲ್ಲ.

ಕಲ್ಲೇಶ ಹುಬ್ಬಳ್ಳಿಯವನು, ಆಕ್ಲೆಂಡಿನಲ್ಲಿ ನೀರಿನ ಪಂಪುಗಳ ಎಂಜಿನಿಯರು. ಹೆಸರಿನಲ್ಲಿ ಕಲ್ಲಿದ್ದರೂ ಒಳಗೆಲ್ಲ ಬೆಣ್ಣೆ. ಆದರೆ ಆ ಬೆಣ್ಣೆಯನ್ನು ಮಗಳು ವಚನಾಗೆ ತೋರಿಸುವಂತಿರಲಿಲ್ಲ. ಅದು ಅವನ ತಾಯಿ ಬಸವ್ವನ ಕಾಯಿದೆ. "ಊರ ಮಂದಿ ಕಣ್ಣಿಗಿಂತ ಹೆತ್ತವರ ಕಣ್ಣು ಕೆಟ್ಟ ಇರತೈತಿ. ನಿನ್ನ ಕೂಸಿನ್ನ ನೀನ ಹೊಗಳಬ್ಯಾಡ. ಬ್ಯಾರೇದವರು ಹೊಗಳಿದ್ರ ಲಗೂನ ಒಂದು ಹುಳುಕು ಹೇಳು. ದೃಷ್ಟಿ ಅಲ್ಲೇ ಮುರೀತೈತಿ." ಬಸವ್ವ ಮಗನ ಮನೆಗೆ ಬಂದಾಗ ವಿಮಾನ ನಿಲ್ದಾಣದವರು ಅವಳ ಉಪ್ಪಿನಕಾಯಿಯನ್ನೂ ತುಪ್ಪವನ್ನೂ ಕಿತ್ತುಕೊಂಡರು. ಈ ಕಾಯಿದೆ ಮಾತ್ರ ಯಾವ ಯಂತ್ರಕ್ಕೂ ಕಾಣದೆ ಸಲೀಸಾಗಿ ದೇಶದೊಳಗೆ ಬಂತು.

ಹದಿನಾರರ ವಚನಾ ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡುತ್ತಿದ್ದಳು. ಎದುರಾಳಿಗಳು ಗಾಳಿಯ ಹಾಗೆ ನುಗ್ಗಿ ಬರುವಾಗ ಅವರಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಜಾರಬೇಕು. ಅವರನ್ನು ಅಂಚಿನ ಹಲಗೆಯ ಕಡೆಗೆ ಒತ್ತಬೇಕು. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಕಸಿದು ತನ್ನವರಿಗೆ ಮುಟ್ಟಿಸಬೇಕು. ಹುಡುಗಿಯರ ಆಟದಲ್ಲಿ ಮೈಗೆ ಡಿಕ್ಕಿ ಹೊಡೆಯುವಂತಿಲ್ಲ, ದಾರಿಗೆ ಅಡ್ಡವಾಗಿಯೇ ಕಟ್ಟಿಹಾಕಬೇಕು. ತಪ್ಪಿದರೆ ಅವರಿಗೆ ಗೋಲು, ನಮಗೆ ಗೋಳು.

ಆಟ ನಡೆಯುವ ಆ ಐಸ್ ಅಂಗಳದ, ಅಂದರೆ ರಿಂಕಿನ ಋಣ ತನ್ನ ಮೇಲೆ ಬೆಟ್ಟದಷ್ಟಿದೆ ಎಂದು ಕಲ್ಲೇಶನಿಗೆ ಅನಿಸುತ್ತಿತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ ವಚನಾ ಶಾಲೆಯಲ್ಲಿ ಒಬ್ಬಳೇ ಕೂತು ಚಪಾತಿ ತಿಂದು ಮನೆಗೆ ಬರುತ್ತಿದ್ದಳು. ಒಂದು ದಿನ ಹುಟ್ಟುಹಬ್ಬದ ಪಾರ್ಟಿಯೊಂದಕ್ಕೆ ರಿಂಕಿಗೆ ಹೋದವಳ ಮುಂದೆ ಯಾರೋ ಒಬ್ಬ ತಾಯಿ ಮಂಡಿಯೂರಿ ಕೂತು, ತನ್ನ ಮಗಳ ಹಳೆಯ ಸ್ಕೇಟ್ಸ್ ತೊಡಿಸಿ, ಲೇಸು ಬಿಗಿದು ಕಟ್ಟಿ, ಬೆನ್ನು ತಟ್ಟಿ ಕಳಿಸಿದಳು. ಬದುಕಿಗೇ ಲೇಸು ಮಾಡಿದಳು. ಅಂದಿನಿಂದ ಹುಡುಗಿ ಸಂಜೆಯ ಊಟದಲ್ಲಿ ಮಾತಾಡತೊಡಗಿದಳು. ಕಲ್ಲೇಶನಿಗೆ ಥ್ಯಾಂಕ್ಸ್ ಎಂದು ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಬಸವ್ವ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹೊತ್ತು ಹೋಗುತ್ತಿದ್ದ. ಮೂಗು ಕೆಂಪಾದ ಕಿವಿಗಳೆಲ್ಲ ಐಸಿನ ಪಕ್ಕ ನಿಂತು ಹೋಳಿಗೆ ಮುರಿದು ತಿನ್ನುತ್ತಿದ್ದರು. ಕಿವಿ ಅಂದರೆ ಈ ದೇಶದ ಮನುಷ್ಯರು. ಚಳಿಗೆ ಕೆಂಪಾಗುವ ಅಂಗ ಬೇರೆ.

ಎರಡು ಸಾವಿರದ ಹದಿನಾಲ್ಕರ ಚಳಿಗಾಲ. ದಕ್ಷಿಣ ದ್ವೀಪದಲ್ಲಿ ನಡೆಯುವ ಕಿರಿಯರ ಶಿಬಿರಕ್ಕೆ ಈ ರಿಂಕಿನಿಂದ ಒಬ್ಬಳೇ ಡಿಫೆನ್ಸ್ ಹುಡುಗಿಯನ್ನು ಆರಿಸುವುದಿತ್ತು. ವಚನಾ ತಿಂಗಳುಗಟ್ಟಲೆ ಅದೇ ಧ್ಯಾನದಲ್ಲಿದ್ದಳು. ಆರಿಸಲು ನೆಲ್ಸನ್ ಊರಿನಿಂದ ಹೆದರ್ ಎಂಬಾಕೆ ಬರುತ್ತಾಳಂತೆ, ಹಳೆಯ ಆಟಗಾರ್ತಿಯಂತೆ, ಕಣ್ಣು ಬಹಳ ಚುರುಕಂತೆ. ಕೋಟು ತೊಟ್ಟು, ಕೈಯಲ್ಲಿ ಹಲಗೆ ಪೆನ್ನು ಹಿಡಿದು, ಆಫೀಸರಳಂತೆ ಒಬ್ಬಳು ಬರುತ್ತಾಳೆಂದು ಕಲ್ಲೇಶ ಬಾಗಿಲನ್ನೇ ನೋಡುತ್ತ ಕೂತಿದ್ದ.

ಆ ಹೊತ್ತಿಗೆ ಗಮ್‌ಬೂಟು ಹಾಕಿಕೊಂಡ, ಉಣ್ಣೆಯ ಟೋಪಿಯ ಹೆಂಗಸೊಬ್ಬಳು ಬಿಸಿ ಚಿಪ್ಸಿನ ಪೊಟ್ಟಣ ಹಿಡಿದು ಅವನ ಪಕ್ಕ ಬಂದು ಕೂತಳು. ಯಾರೋ ಹುಡುಗಿಯ ಅಜ್ಜಿ ಇರಬೇಕು ಎಂದುಕೊಂಡು ಕಲ್ಲೇಶ ಹೋಳಿಗೆಯ ಡಬ್ಬಿ ಮುಂದೆ ಹಿಡಿದ. ಅವಳು ಚಿಪ್ಸ್ ಮುಂದೆ ಹಿಡಿದಳು. ಸ್ನೇಹವಾಯಿತು.

"ನಿನ್ನ ಹುಡುಗಿ ಯಾವುದು?" ಎಂದಳು.

"ನಾಲ್ಕನೇ ನಂಬರ್."

"ಓ, ಅವಳಾ! ಹಿಂದಕ್ಕೆ ಎಷ್ಟು ಚೆನ್ನಾಗಿ ಜಾರ್ತಾಳೆ!"

ಹೊಗಳಿಕೆ ಬಿತ್ತು. ಕಲ್ಲೇಶನ ಬಾಯಿ ತಾನಾಗಿ ತೆರೆಯಿತು. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಆದರೆ ಅವನ ಇಂಗ್ಲಿಷೂ ಹುಬ್ಬಳ್ಳಿಯದೇ ಆದ್ದರಿಂದ ಅದನ್ನು ಇಲ್ಲಿ ತವರಿಗೇ ಕಳಿಸಲಾಗಿದೆ.

"ಹಿಂದಕ್ಕ ಹೋಗೂದು ಖರೇ ರೀ. ಆದ್ರ ಎಡಕ್ಕ ತಿರುಗೂ ಮುಂದ ನೋಡ್ರಿ. ಎಡಗಾಲ ಮ್ಯಾಲ ಭಾರಾನ ಹಾಕಾಂಗಿಲ್ಲ. ಸಂದ್ಯಾಗ ಲಾರಿ ತಿರುಗಿಸಿದಂಗ ಮಾಡ್ತಾಳ."

"ಹೌದಾ? ಪಾಸ್ ಮಾತ್ರ ತಲೆ ಎತ್ತಿ ಕೊಡ್ತಾಳೆ, ನೋಡು."

"ತಲಿ ಎತ್ತತಾಳ. ಎತ್ತಿ ಏನ್ ಮಾಡೂದು? ನಡುವ ಜಾಗ ಖಾಲಿ ಇದ್ರೂ ಹಲಗಿಗೆ ಬಡದು ಕೊಡ್ತಾಳ. ಧೈರ್ಯ ಇಲ್ಲ."

"ಶಾಟು?"

"ದೂರದಿಂದ ಹೊಡದಳಂದ್ರ ಪಕ್ ಗೋಲ್ ಮುಟ್ಟೂದ್ರಾಗ ನಾವು ಮನಿ ಮುಟ್ಟಿರ್ತೀವಿ."

ಹೆಂಗಸು ಚಿಪ್ಸ್ ನೆತ್ತಿಗೆ ಹತ್ತುವಷ್ಟು ನಕ್ಕಳು. ಅಷ್ಟರಲ್ಲಿ ಐಸಿನ ಮೇಲೆ ಇಬ್ಬರು ಎದುರಾಳಿಗಳು ಒಟ್ಟಿಗೇ ನುಗ್ಗಿದರು. ಅಡ್ಡ ಇದ್ದವಳು ವಚನಾ ಒಬ್ಬಳೇ. ಪಕ್ ಇದ್ದವಳ ಮೇಲೆ ಬೀಳಲೂ ಇಲ್ಲ, ಅವಳನ್ನು ಬಿಟ್ಟುಕೊಡಲೂ ಇಲ್ಲ. ಇಬ್ಬರ ನಡುವೆ ಕೋಲು ಚಾಚಿಕೊಂಡು ಹಿಂದೆ ಹಿಂದೆ ಜಾರಿದಳು. ಪಾಸ್ ಹೊರಟ ಕ್ಷಣಕ್ಕೆ ಒಂದು ಮಂಡಿಯ ಮೇಲೆ ಕುಸಿದು ಪಕ್ಕನೆ ಪಕ್ ಕದ್ದಳು. ಕಲ್ಲೇಶನ ಕೈಗಳು ಚಪ್ಪಾಳೆಗೆ ಮೇಲೆದ್ದವು. ಅವನು ಅವನ್ನು ಹಿಡಿದು ಜಾಕೆಟ್ಟಿನ ಜೇಬಿಗೆ ತುರುಕಿದ.

"ಬ್ಯೂಟಿಫುಲ್," ಎಂದಳು ಹೆಂಗಸು, ಮೆಲ್ಲಗೆ.

"ಏ, ನಸೀಬ್ ರೀ. ದಿನಾ ಎಲ್ಲೆ ಆಗತೈತಿ? ಆಟ ಮುಗಿಯೂ ಹೊತ್ತಿಗೆ ದಣದು ಹೈರಾಣ ಆಗಿರ್ತಾಳ. ಅದ್ರಾಗ ಹಟಮಾರಿ ಬ್ಯಾರೆ."

ಕೋಚ್ ಮೆಟ್ಟಿಲ ಕೆಳಗೆ ಬಂದು ನಿಂತು ಕೂಗಿದ. "ಹೆದರ್, ಚಹಾ ಆಗಿದೆ ಬಾ. ಯಾರನ್ನ ತಗೋಬೇಕು ಅಂತ ಗೊತ್ತಾಯ್ತಾ?"

ಹೆದರ್ ಎಂದದ್ದೇ ತಡ, ಕಲ್ಲೇಶ ಹೆದರಿದ. ಹೆಂಗಸು ಎದ್ದು, ಖಾಲಿ ಪೊಟ್ಟಣ ಮಡಿಚಿ, "ಥ್ಯಾಂಕ್ಸ್, ನಾಲ್ಕನೇ ನಂಬರಿನ ಡ್ಯಾಡ್. ಈ ವಾರದೊಳಗೆ ಫೋನ್ ಮಾಡ್ತೀನಿ," ಎಂದು ಇನ್ನೊಂದು ಹೋಳಿಗೆ ಎತ್ತಿಕೊಂಡು ಇಳಿದು ಹೋದಳು. ರಿಂಕಿನಲ್ಲಿ ಆ ಹೊತ್ತು ಎಲ್ಲಕ್ಕಿಂತ ತಣ್ಣಗಿದ್ದದ್ದು ಐಸಲ್ಲ, ಕಲ್ಲೇಶ.

ಕಾರಿನಲ್ಲಿ ವಚನಾ ಕೇಳಿದಳು: "ಡ್ಯಾಡ್, ಹೌ ವಾಸ್ ಐ?"

ಪ್ರತಿ ಆಟದ ಮೇಲೂ ಕೇಳುತ್ತಿದ್ದಳು. ಪ್ರತಿ ಸಲದ ಉತ್ತರವನ್ನೇ ಅವನು ಈ ಸಲವೂ ಕೊಟ್ಟ. "ಪರವಾಗಿಲ್ಲ." ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕಲ್ಲೇಶ ಮನೆಯವರೆಗೂ ರಸ್ತೆಯನ್ನೇ ನೋಡಿದ.

ಹೆಂಡತಿ ಇಂದಿರಾ ತಂಗಿಯ ಬಾಣಂತನಕ್ಕೆಂದು ಪೊರಿರುವಾ ಊರಿಗೆ ಹೋಗಿದ್ದಳು. ಹೊಟ್ಟೆಯ ಸಂಕಟ ತೋಡಿಕೊಳ್ಳಲು ಉಳಿದವನು ಎರಡು ಬೀದಿ ಆಚೆಯ ಮುರಳಿ ಒಬ್ಬನೇ. ಮೈಸೂರಿನ ಮುರಳಿ ಸಾಫ್ಟ್‌ವೇರಿನವನು, ಆದರೆ ಅವನ ನಿಜವಾದ ಕಸುಬು ಅನುಕರಣೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಅಧ್ಯಕ್ಷರ ಭಾಷಣವನ್ನು ಅಧ್ಯಕ್ಷರಿಗಿಂತ ಮೊದಲೇ ಅವರದೇ ದನಿಯಲ್ಲಿ ಮಾಡಿ ಮುಗಿಸಿದವನು. ಗಂಡು ಹೆಣ್ಣು ಭೇದವಿಲ್ಲದೆ ಯಾರ ಗಂಟಲಾದರೂ ಅವನಿಗೆ ಆಗುತ್ತಿತ್ತು.

"ಅಲ್ಲ ಕಣೋ ಕಲ್ಲೇಶಿ, ಆರಿಸೋಕೆ ಬಂದೋರ ಹತ್ರಾನೇ ಮಗಳ ಚಾಡಿ ಹೇಳಿದ್ಯಾ? ಆಕೆ ಹೇಗೆ ಮಾತಾಡ್ತಾಳೆ, ಸ್ವಲ್ಪ ಹೇಳು," ಎಂದ ಮುರಳಿ.

"ನಗಬ್ಯಾಡೋ ಮಾರಾಯ. ಗೊಗ್ಗರು ದನಿ ಆಕಿದು. ಯೆಸ್ ಅನ್ನಾಕ ಯಿಸ್ ಅಂತಾಳ. ಡಿಫೆನ್ಸ್ ಅನ್ನಾಕ ಡಿಫಿನ್ಸ್ ಅಂತಾಳ." ಹೀಗೆ ಕಲ್ಲೇಶ ತನ್ನ ಕೈಯಾರೆ ಬಲೆ ಹೆಣೆದು, ಮುಚ್ಚಟೆಯಾಗಿ ಬೇಟೆಗಾರನ ಕೈಗೆ ಕೊಟ್ಟು ಬಂದ.

ಫೋನಿಗಾಗಿ ಕಾದ ದಿನಗಳು ಅವನಿಗೆ ಬೆಂಕಿಯ ಮೇಲಿನ ದಿನಗಳಾದವು. ಆಫೀಸಿನಲ್ಲಿ ಪಂಪಿನ ಸದ್ದಿಗೂ ಫೋನೆಂದು ಜೇಬು ಮುಟ್ಟಿಕೊಂಡ. ಬುಧವಾರ ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಮೊಬೈಲು ಹೊಡೆಯಿತು. ನಂಬರ್ ಕಾಣಲಿಲ್ಲ. ಎತ್ತಿದರೆ ಗೊಗ್ಗರು ದನಿ.

"ಯಿಸ್, ಹೆದರ್ ಹಿಯರ್. ಇಬ್ಬರು ಹುಡುಗಿಯರ ನಡುವೆ ಸಿಕ್ಕಿಕೊಂಡಿದ್ದೀನಿ. ನಿನ್ನ ಮಗಳ ಹುಳುಕೆಲ್ಲ ಕೇಳಿದೆ. ಒಳ್ಳೇದು ಏನಾದರೂ ಇದೆಯಾ? ಇದ್ದರೆ ಈಗಲೇ ಹೇಳು."

ಕಲ್ಲೇಶ ಅತ್ತಿತ್ತ ನೋಡಿದ. ಬಸವ್ವನ ಕಿವಿಗೆ ಬೀಳಬಾರದೆಂದು ಒಂದೇ ಬೂಟಿನಲ್ಲಿ ಗ್ಯಾರೇಜಿಗೆ ಓಡಿ ಬಾಗಿಲು ಹಾಕಿಕೊಂಡ. ಹೊಗಳಿದರೆ ದೃಷ್ಟಿ, ಹೊಗಳದಿದ್ದರೆ ಶಿಬಿರವಿಲ್ಲ. ಕಣ್ಣು ಮುಚ್ಚಿ ಬಾಯಿ ಬಿಟ್ಟ.

"ಮೇಡಂ, ಅಕಿ ಪಕ್ ನೋಡಾಂಗಿಲ್ಲ ರೀ, ಬರೋರ ಎದಿ ನೋಡ್ತಾಳ. ಕೈ ಕಣ್ಣು ಮೋಸ ಮಾಡ್ತಾವ, ಎದಿ ಮೋಸ ಮಾಡಾಂಗಿಲ್ಲ. ಅದನ್ನ ಯಾರೂ ಕಲಿಸಿಲ್ಲ, ಅಕಿನ ಕಂಡುಕೊಂಡಾಳ. ಹಿಂದಕ್ಕ ಜಾರೂ ಮುಂದ ಬೆನ್ನಿಗೂ ಕಣ್ಣದಾವೇನೋ ಅನ್ನಿಸ್ತೈತಿ. ಗೋಲ್ ಬಿತ್ತಂದ್ರ ಮೊದಲ ಗೋಲ್ ಕಾಯೂ ಹುಡುಗಿ ಕಡೆ ಹೋಗಿ ಅಕಿ ಕಾಲಿನ ಪ್ಯಾಡ್ ಮ್ಯಾಲ ಕೋಲಿಲೆ ಎರಡು ಸಲ ತಟ್ಟತಾಳ, ತಪ್ಪು ನಂದು ಅಂತ. ತಪ್ಪು ಅಕಿದು ಇರದಿದ್ರೂ ತಟ್ಟತಾಳ. ಹಟ ಅಂದೆನಲ್ಲ, ಆ ಹಟಾನ ಬಂಗಾರ ರೀ. ನಿಮ್ಮ ಮಂದಿ ಅಕಿಗೆ ಸ್ಕೇಟ್ಸ್ ಕೊಟ್ರಿ, ಗೆಳತೇರನ ಕೊಟ್ರಿ, ನನಗ ನಗೂ ಮಗಳನ್ನ ತಿರುಗಿ ಕೊಟ್ರಿ. ಅದಕ್ಕ ಥ್ಯಾಂಕ್ಸ್ ಹೇಳಾಕ ನನಗ ಬರೂದು ಹೋಳಿಗಿ ಒಂದ."

ಕಲ್ಲೇಶ ನಿಲ್ಲಲಿಲ್ಲ, ನಿಲ್ಲಲು ಅವನಿಂದ ಆಗಲೂ ಇಲ್ಲ.

"ಅಕಿ ಎಲ್ಲಾ ಆಟ ನೋಡೇನಿ ನಾನು. ಅಕಿ ನನ್ನ ಕಡೆ ತಿರುಗಿದಾಗೆಲ್ಲಾ ಫೋನ್ ನೋಡಿದಂಗ ಮಾಡ್ತೀನಿ. ಫೋನಿನಾಗ ಏನೂ ಇರಾಂಗಿಲ್ಲ ಮೇಡಂ. ಹೌ ವಾಸ್ ಐ ಅಂತ ಕೇಳ್ತಾಳ. ಪರವಾಗಿಲ್ಲ ಅಂತೀನಿ. ಅಕಿನ್ನ ತಗೋರಿ. ನಂದು ತಪ್ಪಾತು, ಅಕಿದಲ್ಲ."

ಫೋನಿನಲ್ಲಿ ಹೆದರ್ ಮೂಗೆಳೆದಳು. ಆಮೇಲೆ ಮೈಸೂರು ಕನ್ನಡದಲ್ಲಿ ಹೇಳಿದಳು: "ಸಾಕು ನಿಲ್ಸೋ ಮಾರಾಯ, ಇಲ್ಲಿ ಎಲ್ಲಾ ಅಳ್ತಿದ್ದೀವಿ."

ಗ್ಯಾರೇಜಿನ ಬಾಗಿಲು ತೆರೆಯಿತು. ಫೋನ್ ಹಿಡಿದ ಮುರಳಿ, ಅವನ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಬಸವ್ವ, ಇಬ್ಬರ ನಡುವೆ ವಚನಾ. ಇಷ್ಟು ಹೊತ್ತೂ ಫೋನಿನ ಸ್ಪೀಕರ್ ಹಾಕಿಕೊಂಡು ಮೂವರೂ ವಚನಾಳ ಕೋಣೆಯಲ್ಲಿ ಕೂತಿದ್ದರು.

ಕಲ್ಲೇಶನ ಮುಖದ ಬಣ್ಣ ಇಳಿಯಿತು. "ಅಂದ್ರ ಹೆದರ್ ಫೋನ್ ಮಾಡಿಲ್ಲ? ಹಂಗಾರ ವಚನಾಂದು..."

"ಶೀ ಕಾಲ್ಡ್ ದ ಹೌಸ್ ಫೋನ್, ಡ್ಯಾಡ್," ಎಂದಳು ವಚನಾ. "ಆಫ್ಟರ್ ಸ್ಕೂಲ್. ಐ ಗಾಟ್ ಇನ್."

"ಆರಿಸಿದಳಾ? ನಾ ಅಷ್ಟೆಲ್ಲಾ ಹೇಳಿದ ಮ್ಯಾಲೂ?"

"ಹೇಳಿದ್ದಕ್ಕೇ ಕಣೋ," ಎಂದ ಮುರಳಿ. ಹೆದರ್ ಹುಡುಗಿಗೆ ಹೇಳಿದ್ದನ್ನು ಈಗ ಹೆದರಳದೇ ದನಿಯಲ್ಲಿ ಒಪ್ಪಿಸಿದ: "ಆರಿಸೋಕೆ ಹೋದ ಕಡೆಯೆಲ್ಲ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನ ನನಗೆ ಮಾರ್ತಾರೆ. ನಿಮ್ಮಪ್ಪ ಒಬ್ಬ ಎಡಗಾಲಿನ ಭಾರದವರೆಗೂ ಹೇಳಿದ. ನಾನು ಬರಕೊಂಡಿದ್ದ ಕೊರತೆಗಳೂ ಅವೇ. ಎಲ್ಲಾ ಕಲಿಸಿದರೆ ಹೋಗುವಂಥವು. ಅಷ್ಟು ಗಮನ ಇಟ್ಟು ನೋಡೋ ಅಪ್ಪ ಇರೋ ಹುಡುಗಿ ಶಿಬಿರದಲ್ಲಿ ಕಲೀತಾಳೆ. ಅವನಿಗೆ ನನ್ನ ಥ್ಯಾಂಕ್ಸ್ ಹೇಳು."

ಆ ಫೋನ್ ಮುಗಿದ ಮೇಲೆ ವಚನಾ ಮುರಳಿ ಅಂಕಲ್‌ಗೆ ಸುದ್ದಿ ಹೇಳಿ, ಜೊತೆಗೆ ಕೇಳಿದ್ದಳಂತೆ: ಆ ಹೆಂಗಸಿನ ಹತ್ತಿರ ಡ್ಯಾಡ್ ಅಷ್ಟೆಲ್ಲ ಮಾತಾಡುತ್ತಾನೆ, ನನ್ನ ಹತ್ತಿರ ಯಾಕೆ ಒಂದೇ ಪದ? ಮುರಳಿ ಬೂಟು ಮೆಟ್ಟಿ ಹೊರಟದ್ದು ಆಗ. ಬಸವ್ವನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅವನ ಬಾಯಾಗ ಮಗಳ ಬಗ್ಗೆ ಒಂದು ಒಳ್ಳೆ ಮಾತು ಕೇಳಿ ಸಾಯ್ತೀನಿ ತಡಿ," ಎಂದು ಕಾಯಿದೆ ಮಾಡಿದವಳೇ ಹೇಳಿ ಆ ಕೋಣೆಯ ಬಾಗಿಲ ಬಳಿಯ ಕುರ್ಚಿ ಹಿಡಿದಿದ್ದಳು.

ವಚನಾ ಮುಂದೆ ಬಂದು ಅಪ್ಪನ ತೋಳಿಗೆ ಹಣೆ ಆನಿಸಿ ನಿಂತಳು. "ಯು ಸಾ ದ ಪ್ಯಾಡ್ಸ್ ಥಿಂಗ್," ಎಂದಳು. "ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ." ಅವಳು ಕನ್ನಡದಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಕಲ್ಲೇಶ ಅವಳ ತಲೆಯ ಮೇಲೆ ಕೈಯಿಟ್ಟ. "ಭಾನುವಾರ ಭಾಳ ಚಂದ ಆಡಿದಿ," ಎಂದ. ಅದನ್ನು ಹೇಳಿ ಅವನಿಗೇ ನಾಚಿಕೆಯಾಯಿತು.

ಆ ನಾಚಿಕೆಯನ್ನು ಮುರಳಿ ಸುಮ್ಮನೆ ಬಿಡುವನೇ? ಕಲ್ಲೇಶ ಒಳಗೇ ಬಿಟ್ಟು ಬಂದಿದ್ದ ಇನ್ನೊಂದು ಬೂಟನ್ನು ತಂದು ಕಿವಿಗೆ ಹಿಡಿದು, ಒಂಟಿಗಾಲಲ್ಲಿ ಕಾರಿನ ಸುತ್ತ ಕುಂಟುತ್ತ, ಗಂಟಲು ಗದ್ಗದ ಮಾಡಿಕೊಂಡು ಹುಬ್ಬಳ್ಳಿಯ ಇಂಗ್ಲಿಷಿನಲ್ಲಿ ಶುರುಮಾಡಿದ: "ಮ್ಯಾಡಂ! ಬ್ಯಾಕ್‌ಸೈಡ್ ಆಲ್ಸೋ ಅಕಿಗೆ ಐಸ್ ಇಜ್ ದೇರ್, ಮ್ಯಾಡಂ!" ಬೆನ್ನಿನ ಕಣ್ಣುಗಳೂ ಆ ಬಾಯಲ್ಲಿ ಐಸಾದವು. ದನಿ, ಉಸಿರು, ನಡುವೆ ಮೂಗೆಳೆಯುವ ರೀತಿ, ಎಲ್ಲ ಥೇಟ್ ಕಲ್ಲೇಶನೇ.

ಬಸವ್ವ ಬಾಯಿಗೆ ಸೆರಗು ತುರುಕಿಕೊಂಡಳು. ವಚನಾ ನೆಲಕ್ಕೇ ಕೂತುಬಿಟ್ಟಳು. ಕಲ್ಲೇಶ ಮೊದಲು ಗುರುಗುಟ್ಟಿದ. ಆಮೇಲೆ ಅವನ ಹೊಟ್ಟೆ ಅಲುಗಿತು, ಭುಜ ಅಲುಗಿತು. "ಇನ್ನೊಮ್ಮೆ ಮಾಡಲೇ ಭಾಡ್ಯಾ, ಆ ಮ್ಯಾಡಂ ಅನ್ನೂದು ಇನ್ನೊಮ್ಮೆ ಮಾಡು!" ಎಂದು ಕಾರಿನ ಬಾನೆಟ್ ಗುದ್ದುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಬೇಲಿಯಾಚೆಯ ಮನೆಯವರು ಕಿಟಕಿ ತೆರೆದು ಇಣುಕುವ ಹಾಗೆ, ನಾಲ್ವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕ.